ಗೋಡೆಯ ಮೇಲಿನ ಫಾರ್ಮಸಿಸ್ಟ್ ಫ್ಲೈಟ್ ಹತ್ತಿದ

ನಮ್ಮ ಬೀದಿಯ ಮೆಡಿಕಲ್ ಶಾಪಿನಲ್ಲಿ ಒಬ್ಬ ಫಾರ್ಮಸಿಸ್ಟ್ ಇದ್ದಾನೆ. ಗೋಡೆಯ ಮೇಲೆ. ಗಾಜಿನ ಚೌಕಟ್ಟಿನೊಳಗೆ, ಪಾಸ್‌ಪೋರ್ಟ್ ಸೈಜಿನಲ್ಲಿ, ಲಕ್ಷ್ಮಿಯ ಕ್ಯಾಲೆಂಡರಿನ ಪಕ್ಕ. ಊದುಬತ್ತಿಯ ಹೊಗೆ ಇಬ್ಬರಿಗೂ ಸಮನಾಗಿ ಸಲ್ಲುತ್ತದೆ. ಕೌಂಟರಿನ ಹಿಂದೆ ನಿಂತು ಕತ್ತರಿಯಲ್ಲಿ ಸ್ಟ್ರಿಪ್ ಕತ್ತರಿಸಿ ಕೊಡುವವನು ಬೇರೆ. ಅವನು ಮಾಲೀಕರ ಬಾಮೈದ. ಪಿಯುಸಿ ಫೇಲು. ಬೀದಿಯವರೆಲ್ಲ ಅವನನ್ನು ಕರೆಯುವುದು ‘ಡಾಕ್ಟ್ರೇ’ ಎಂದು.

ಗೋಡೆಯ ಮೇಲಿನವನು ಎಲ್ಲಿ ಎಂದು ಯಾರೂ ಕೇಳುವುದಿಲ್ಲ. ಕೇಳಿದರೆ ‘ಊಟಕ್ಕೆ ಹೋಗಿದ್ದಾರೆ’ ಎಂಬ ಉತ್ತರ ಸಿದ್ಧವಿದೆ. ಹೌದು, ಹೋಗಿದ್ದಾನೆ. ದುಬೈಗೆ. ಊಟ ಇನ್ನೂ ಮುಗಿದಿಲ್ಲ.

ಕಾನೂನು ಇಲ್ಲ ಎಂದುಕೊಳ್ಳಬೇಡಿ. ನಮ್ಮಲ್ಲಿ ಕಾನೂನಿಗೆ ಬರ ಬಂದದ್ದು ಯಾವಾಗ? ವೈದ್ಯರ ಚೀಟಿಗೆ ಔಷಧ ಕೊಡಬೇಕಾದವನು ನೋಂದಾಯಿತ ಫಾರ್ಮಸಿಸ್ಟೇ ಎನ್ನುತ್ತದೆ 1948ರ ಫಾರ್ಮಸಿ ಕಾಯ್ದೆಯ 42ನೇ ಕಲಮು. ಅವನ ಖುದ್ದು ಮೇಲ್ವಿಚಾರಣೆಯಲ್ಲೇ ಕೊಡಬೇಕು ಎನ್ನುತ್ತವೆ 1945ರ ಔಷಧ ನಿಯಮಗಳು. ಫೋಟೊ ರೆಪ್ಪೆ ಮಿಟುಕಿಸದೆ ಇಪ್ಪತ್ತನಾಲ್ಕು ಗಂಟೆ ನೋಡುತ್ತಲೇ ಇದೆ. ಇದಕ್ಕಿಂತ ಮೇಲ್ವಿಚಾರಣೆ ಬೇಕೆ?

2014ರ ಮಾರ್ಚ್‌ನಿಂದ ಶೆಡ್ಯೂಲ್ ಎಚ್1 ಎಂಬ ಪಟ್ಟಿಯೂ ಬಂತು. ಅದರಲ್ಲಿರುವ ಔಷಧ ಕೊಟ್ಟರೆ ರೋಗಿ ಯಾರು, ಬರೆದುಕೊಟ್ಟ ವೈದ್ಯರು ಯಾರು, ಎಷ್ಟು ಕೊಟ್ಟಿರಿ ಎಂದು ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಡಬೇಕು. ರಿಜಿಸ್ಟರ್ ಇದೆ. ಇನ್‌ಸ್ಪೆಕ್ಟರ್ ಬರುವ ಹಿಂದಿನ ರಾತ್ರಿ ಒಂದೇ ಪೆನ್ನಿನಲ್ಲಿ, ಒಂದೇ ಉಸಿರಿನಲ್ಲಿ ತುಂಬುತ್ತಾರೆ. ಇನ್‌ಸ್ಪೆಕ್ಟರ್ ಬರುವುದು ಹಿಂದಿನ ರಾತ್ರಿಯೇ ಹೇಗೆ ಗೊತ್ತಾಗುತ್ತದೆ ಎಂದು ನನ್ನನ್ನು ಕೇಳಬೇಡಿ.

ಇನ್ನು ಚೌಕಟ್ಟಿನೊಳಗಿನ ಹುಡುಗ. ನೀಟ್ ರ‍್ಯಾಂಕು ಸಾಲಲಿಲ್ಲ. ‘ಫಾರ್ಮಸಿ ಮಾಡೋ, ಔಷಧಿ ಇಲ್ದೆ ಯಾರು ಬದುಕ್ತಾರೆ’ ಎಂದರು ಅಪ್ಪ. ಎರಡು ವರ್ಷ ಡಿ.ಫಾರ್ಮ. ಅದರ ಮೇಲೆ ಆಸ್ಪತ್ರೆಯಲ್ಲೋ ಅಂಗಡಿಯಲ್ಲೋ 500 ಗಂಟೆ ತರಬೇತಿ. ಅದನ್ನು ಬರೀ ಸಹಿ ಹಾಕಿಸಿಕೊಂಡೇ ಮುಗಿಸುವ ಜಾಣರಿದ್ದಾರೆ. ಗುಣಮಟ್ಟ ಬಿತ್ತು ಎಂದು ಸರ್ಕಾರಕ್ಕೆ ಜ್ಞಾನೋದಯವಾಗಿ 2022ರಲ್ಲಿ ಎಕ್ಸಿಟ್ ಪರೀಕ್ಷೆಯ ನಿಯಮ ಬಂತು. ಮೊದಲ ಪರೀಕ್ಷೆ ನಡೆದದ್ದು 2024ರ ಅಕ್ಟೋಬರಿನಲ್ಲಿ. ಪಾಸಾದವನು ಹೆಸರು ನೋಂದಾಯಿಸಿಕೊಂಡು ಗೋಡೆ ಏರಬಹುದು.

ಪಾಸಾದ ಹುಡುಗ ಕೆಲಸ ಕೇಳಿಕೊಂಡು ಹೋದರೆ ಮಾಲೀಕರು ಎರಡು ರೇಟು ಹೇಳುತ್ತಾರೆ. ದಿನಾ ಬಂದು ರಾತ್ರಿ ಹತ್ತರವರೆಗೆ ನಿಂತರೆ ಇಷ್ಟು. ಸರ್ಟಿಫಿಕೇಟ್ ಮಾತ್ರ ಕೊಟ್ಟು ಮನೆಯಲ್ಲಿದ್ದರೆ ಇಷ್ಟು. ಎರಡರ ನಡುವಿನ ವ್ಯತ್ಯಾಸ ಬಸ್ ಚಾರ್ಜಿಗೆ ಸರಿಹೋಗುತ್ತದೆ. ಮಾಲೀಕರಿಗಂತೂ ಎರಡನೆಯದೇ ಇಷ್ಟ. ಹುಡುಗ ಬಂದರೆ ಚೀಟಿ ಕೇಳುತ್ತಾನೆ. ಈ ಮಾತ್ರೆ ಹಾಗೆಲ್ಲ ಕೊಡುವಂತಿಲ್ಲ ಎನ್ನುತ್ತಾನೆ. ಗಿರಾಕಿ ಎದುರಂಗಡಿಗೆ ಹೋಗುತ್ತಾನೆ. ಓದಿದವನು ಅಂಗಡಿಯಲ್ಲಿದ್ದರೆ ವ್ಯಾಪಾರಕ್ಕೆ ನಷ್ಟ.

ಗಿರಾಕಿ ಎಂದರೆ ಯಾರೋ ಅಲ್ಲ, ನಾವೇ. ‘ಜ್ವರಕ್ಕೆ ಏನಾದ್ರೂ ಕೊಡಿ, ಸ್ವಲ್ಪ ಪವರ್ ಇರೋದು’ ಎಂದು ಕೇಳುವವರು. ಐದು ದಿನದ ಆ್ಯಂಟಿಬಯೋಟಿಕ್ಕನ್ನು ಎರಡು ಮಾತ್ರೆಗೆ ಮುಗಿಸುವವರು. ಚೀಟಿ ಕೇಳಿದವನನ್ನು ‘ದೊಡ್ಡ ಕಾನೂನು ಮಾತಾಡ್ತಾನೆ’ ಎಂದು ಬೈದು ಹೊರಬರುವವರು.

ಹುಡುಗ ದೇಶ ಬಿಟ್ಟ ಮೇಲೆ ಪ್ರತಿಭಾ ಪಲಾಯನ ಎಂದು ಕಣ್ಣೀರು ಸುರಿಸುವವರೂ ನಾವೇ. ವೇದಿಕೆಗಳಲ್ಲಿ ಭಾಷಣಗಳಾಗುತ್ತವೆ. ಭಾಷಣ ಮಾಡಿದ ಸಾಹೇಬರ ಮಗಳು ಯಾವ ದೇಶದಲ್ಲಿ ಓದುತ್ತಿದ್ದಾಳೆ ಎಂದು ಕೇಳುವುದು ಸಭ್ಯತೆಯಲ್ಲ. ಸರ್ಕಾರ ಕೈಕಟ್ಟಿ ಕೂತಿಲ್ಲ. ಸರ್ಕಾರಿ ಆಸ್ಪತ್ರೆಯ ಫಾರ್ಮಸಿಸ್ಟರಿಗೆ ‘ಫಾರ್ಮಸಿ ಅಧಿಕಾರಿ’ ಎಂದು ಹೊಸ ಹೆಸರಿಟ್ಟಿದೆ. ಹೆಸರಿಡಲು ದುಡ್ಡು ಖರ್ಚಾಗುವುದಿಲ್ಲ. ಖಾಲಿ ಹುದ್ದೆ ತುಂಬಲು ಆಗುತ್ತದೆ.

ಹೊರಡುವವರಿಗೆ ಗಲ್ಫ್ ಹಳೆಯ ದಾರಿ. ಪ್ರೊಮೆಟ್ರಿಕ್ ಕೇಂದ್ರದಲ್ಲಿ ಕಂಪ್ಯೂಟರ್ ಪರೀಕ್ಷೆ ಬರೆಯಬೇಕು. ಡೇಟಾಫ್ಲೋ ಎಂಬ ಕಂಪನಿಯವರು ಸರ್ಟಿಫಿಕೇಟು ಅಸಲಿಯೇ, ಅನುಭವ ನಿಜವೇ ಎಂದು ಕೊಟ್ಟವರನ್ನೇ ಕೇಳುತ್ತಾರೆ. ಅನುಭವದ ಪತ್ರಕ್ಕೆ ಹುಡುಗ ಹಳೆಯ ಮಾಲೀಕರ ಬಳಿ ಹೋಗುತ್ತಾನೆ. ದಾಖಲೆಯ ಪ್ರಕಾರ ಅವನು ಒಂದು ದಿನವೂ ರಜೆ ಹಾಕದೆ ಅಂಗಡಿಯಲ್ಲಿದ್ದಾನೆ. ಮಾಲೀಕರು ಸುಳ್ಳು ಹೇಳುತ್ತಿಲ್ಲ. ಗೋಡೆ ಬಿಟ್ಟು ಕದಲಿಲ್ಲವಲ್ಲ.

ನಡತೆಯ ಬಗ್ಗೆಯೂ ಇಲ್ಲಿನ ಫಾರ್ಮಸಿ ಕೌನ್ಸಿಲ್ಲಿನಿಂದ ಒಂದು ಪತ್ರ ಬೇಕು. ಸಿಗುತ್ತದೆ. ಅವನ ಮೇಲೆ ಒಂದು ದೂರೂ ಇಲ್ಲ. ಅಂಗಡಿಗೇ ಹೋಗದವನ ಮೇಲೆ ಯಾರು ದೂರು ಕೊಡುತ್ತಾರೆ?

ಅವನು ಹೊರಟುಹೋದ. ಸರ್ಟಿಫಿಕೇಟ್ ಹೊರಡಲಿಲ್ಲ. ಬಾಡಿಗೆ ತಿಂಗಳು ತಿಂಗಳು ಅಪ್ಪನ ಖಾತೆಗೆ ಬೀಳುತ್ತದೆ. ಭಾರತ ಯಾರಿಗೂ ಎರಡು ಪೌರತ್ವ ಕೊಡುವುದಿಲ್ಲ ಎನ್ನುತ್ತಾರೆ. ಸರ್ಟಿಫಿಕೇಟಿಗೆ ಕೊಟ್ಟಿದೆ.

ಈಗಿನ ಹುಡುಗರಿಗೆ ಗಲ್ಫ್ ಸಾಲದು. ಸೌದಿಯಲ್ಲಿ ‘ಮೊದಲು ನಮ್ಮವರಿಗೆ ಕೆಲಸ’ ಎಂಬ ನೀತಿ ವರ್ಷದಿಂದ ವರ್ಷಕ್ಕೆ ಬಿಗಿಯಾಗುತ್ತಿದೆ. (ಅಲ್ಲಿಯವರು ಹಾಗೆ ಮಾಡಿದರೆ ನಮಗೆ ಅನ್ಯಾಯ. ಇಲ್ಲಿ ನಾವು ಕೇಳಿದರೆ ನ್ಯಾಯ. ಇರಲಿ.) ಹಾಗಾಗಿ ಎಲ್ಲರ ಕಣ್ಣು ಬ್ರಿಟನ್ನಿನ ಮೇಲೆ. ಕೆಲಸದ ಹೆಸರು ಫಾರ್ಮಸಿ ಟೆಕ್ನಿಷಿಯನ್. ವೀಸಾದ ಹೆಸರು ಸ್ಕಿಲ್ಡ್ ವರ್ಕರ್. ಇಲ್ಲಿ ಕೌಶಲಕ್ಕೆ ಬಾಡಿಗೆ ಗೋಡೆ ಸಿಕ್ಕಿತ್ತು, ಅಲ್ಲಿ ವೀಸಾ ಸಿಗುತ್ತದೆ ಎಂಬ ಭರವಸೆ.

ಆ ವೀಸಾದ ಕಥೆ ಕೇಳಿ. ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್‌ನಲ್ಲಿ 2011ರ ಜುಲೈ 1ರಿಂದ ನೋಂದಣಿ ಇಲ್ಲದವನು ತನ್ನನ್ನು ಫಾರ್ಮಸಿ ಟೆಕ್ನಿಷಿಯನ್ ಎಂದು ಹೇಳಿಕೊಳ್ಳುವಂತೆಯೇ ಇಲ್ಲ. ನೋಂದಣಿ ಬೇಕಾದರೆ ಅಲ್ಲಿನ ಜನರಲ್ ಫಾರ್ಮಸ್ಯುಟಿಕಲ್ ಕೌನ್ಸಿಲ್ ಒಪ್ಪಿದ ಕೋರ್ಸು ಮಾಡಬೇಕು. ಜೊತೆಗೆ ಅಲ್ಲೇ ಎರಡು ವರ್ಷ ಮೇಲಿನವರ ಕಣ್ಗಾವಲಿನಲ್ಲಿ ಕೆಲಸ ಮಾಡಿರಬೇಕು. ಕೆಲಸ ಮಾಡಲು ವೀಸಾ ಬೇಕು. ವೀಸಾಕ್ಕೆ ಸ್ಪಾನ್ಸರ್ ಮಾಡುವ ಮಾಲೀಕ ಬೇಕು. ಮಾಲೀಕ ಕೇಳುವುದು ನೋಂದಣಿ ಇದೆಯೇ ಎಂದು. ನೋಂದಣಿಗೆ ಎರಡು ವರ್ಷ ಕೆಲಸ ಬೇಕು. ತಲೆ ಸುತ್ತಿತೇ? ನಮ್ಮ ತಾಲೂಕು ಕಚೇರಿಯನ್ನು ಬೈಯುವವರು ಒಮ್ಮೆ ಲಂಡನ್ನಿನ ವೆಬ್‌ಸೈಟು ಓದಿ ಸಮಾಧಾನಪಟ್ಟುಕೊಳ್ಳಬಹುದು.

ಟೆಕ್ನಿಷಿಯನ್ ಯಾಕೆ, ಫಾರ್ಮಸಿಸ್ಟೇ ಆಗುತ್ತೇನೆ ಎಂದು ಬಿ.ಫಾರ್ಮ ಹುಡುಗ ಎದೆಯುಬ್ಬಿಸಿದರೆ ಅದಕ್ಕೂ ದಾರಿ ಇದೆ. ನಾಲ್ಕು ವರ್ಷದ ಡಿಗ್ರಿಯ ಮೇಲೆ ಅಲ್ಲಿ ಮತ್ತೊಂದು ವರ್ಷ ಓದು, ಇನ್ನೊಂದು ವರ್ಷ ತರಬೇತಿ, ಆಮೇಲೆ ಪರೀಕ್ಷೆ. ಫೀಸು ಪೌಂಡಿನಲ್ಲಿ. ಎದೆ ಅಲ್ಲಿಗೆ ಇಳಿಯುತ್ತದೆ.

ಅಲ್ಲಿನ ಸರ್ಕಾರದ್ದೂ ಎರಡು ನಾಲಿಗೆ. ಆಸ್ಪತ್ರೆಗಳಲ್ಲಿ ಕೈ ಸಾಲದು ಎಂದು ಒಂದು ನಾಲಿಗೆ ಗೋಳಾಡುತ್ತದೆ. 2025ರ ಜುಲೈ 22ರಿಂದ ಡಿಗ್ರಿ ಮಟ್ಟದ ಕೆಲಸಗಳಿಗೆ ಮಾತ್ರ ಸ್ಕಿಲ್ಡ್ ವರ್ಕರ್ ವೀಸಾ ಎಂದು ಇನ್ನೊಂದು ಘೋಷಿಸಿತು. ಅದಕ್ಕಿಂತ ಕೆಳಗಿನ ಕೆಲಸಗಳಿಗೆ ಕೊರತೆಯ ಪಟ್ಟಿಯಲ್ಲಿ ಹೆಸರಿದ್ದರಷ್ಟೇ ಅವಕಾಶ. ಪಟ್ಟಿಗೂ ಆಯುಷ್ಯವಿದೆ. ಹೀಗೆ ಹೊಸದಾಗಿ ಹೋಗುವವರು ಹೆಂಡತಿ ಮಕ್ಕಳನ್ನು ಕರೆದೊಯ್ಯುವಂತೆಯೂ ಇಲ್ಲ. ಕೈ ಬೇಕು. ಕೈಗೆ ಅಂಟಿಕೊಂಡ ಸಂಸಾರ ಬೇಡ. ಆರೈಕೆ ಕೆಲಸಕ್ಕೆ ಹೋದವರಿಗೆ ಈ ಪಾಠ 2024ರ ಮಾರ್ಚ್‌ನಲ್ಲೇ ಆಗಿತ್ತು. ಅವರು ಸಂಸಾರ ಕರೆಸಿಕೊಳ್ಳುವುದನ್ನು ಸರ್ಕಾರ ಮೊದಲು ನಿಲ್ಲಿಸಿತು. ಮರುವರ್ಷ ಹೊರದೇಶದಿಂದ ಹೊಸಬರು ಬರುವ ಬಾಗಿಲನ್ನೇ ಮುಚ್ಚಿತು. ಕೋವಿಡ್ ಕಾಲದಲ್ಲಿ ಚಪ್ಪಾಳೆ ಹೊಡೆದದ್ದು ಈ ಕೈಗಳಿಗೇ.

ಒಂದು ವ್ಯತ್ಯಾಸ ಮಾತ್ರ ಹೇಳಲೇಬೇಕು. ಬ್ರಿಟನ್ನಿನ ಔಷಧ ಅಂಗಡಿಯ ಗೋಡೆಯ ಮೇಲೂ ಫಾರ್ಮಸಿಸ್ಟನ ಹೆಸರು ತೂಗುಹಾಕುತ್ತಾರೆ. ಆ ದಿನದ ಜವಾಬ್ದಾರಿ ಯಾರದ್ದು ಎಂದು. ಆ ಹೊತ್ತಿನಲ್ಲಿ ಅವನು ಅಂಗಡಿ ಬಿಟ್ಟು ಹೊರಗಿರಬಹುದಾದ ಅವಧಿ ದಿನಕ್ಕೆ ಹೆಚ್ಚೆಂದರೆ ಎರಡು ಗಂಟೆ. ನಮ್ಮಲ್ಲಿ ಆಜೀವ.

ಇದೆಲ್ಲ ದಾಟಿ ಅಲ್ಲಿ ಸೇರಿದ ನಮ್ಮ ಹುಡುಗ ಏನು ಮಾಡುತ್ತಾನೆ? ಲೇಬಲ್ ಅಂಟಿಸುತ್ತಾನೆ. ಒಬ್ಬ ತುಂಬಿದ್ದನ್ನು ಇನ್ನೊಬ್ಬ ಎಣಿಸಿ ನೋಡಿ ಸಹಿ ಹಾಕುತ್ತಾನೆ. ಒಂಟಿ ಮುದುಕರಿಗೆ ವಾರದ ಮಾತ್ರೆಗಳನ್ನು ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಎಂದು ಬೇರೆ ಬೇರೆ ಗುಳಿಗಳಲ್ಲಿ ತುಂಬಿ ಸೀಲ್ ಮಾಡುತ್ತಾನೆ. ರೋಗಿಯ ಕೈಸೇರುವ ಮೊದಲೇ ತಪ್ಪು ಸಿಕ್ಕಿಬಿದ್ದರೂ ಅದನ್ನು ಬರೆದಿಡಬೇಕು. ಇಲ್ಲಿ ಅವನಿಗೆ ಯಾರೂ ಕೊಡದ ಕೆಲಸ ಇದೇ. ಇಲ್ಲಿ ಅವನ ಅಜ್ಜಿಯ ಬಿಪಿ ಮಾತ್ರೆ, ಶುಗರ್ ಮಾತ್ರೆ, ಮೊಮ್ಮಗನ ಜಂತುಹುಳದ ಮಾತ್ರೆ ಒಂದೇ ಪ್ಲಾಸ್ಟಿಕ್ ಡಬ್ಬಿಯಲ್ಲಿವೆ. ಅಜ್ಜಿ ಬಣ್ಣ ನೋಡಿ ನುಂಗುತ್ತಾಳೆ. ಕಂಪನಿ ಬದಲಾದರೆ ಬಣ್ಣವೂ ಬದಲಾಗುತ್ತದೆ. ಬಾಮೈದ ‘ಅದೇ ಅಜ್ಜಿ, ಕಂಪನಿ ಬೇರೆ ಅಷ್ಟೆ’ ಎನ್ನುತ್ತಾನೆ. ಅದೇ ಇರಬಹುದು.

ಇಲ್ಲಿ ಸರ್ಟಿಫಿಕೇಟ್ ಬೇಕು, ಮನುಷ್ಯ ಬೇಡ. ಅಲ್ಲಿ ಮನುಷ್ಯ ಬೇಕು, ಇಲ್ಲಿನ ಸರ್ಟಿಫಿಕೇಟ್ ಬೇಡ. ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳುವ ದೇಶ ಯಾವುದೆಂದು ಹುಡುಗ ಹುಡುಕುತ್ತಲೇ ಇದ್ದಾನೆ.

ಹೆಣ್ಣು ಹುಡುಕುವವರಿಗೆ ಈ ಗೋಜಲಿಲ್ಲ. ಅಲ್ಲಿನ ಕೌಂಟರಿನಲ್ಲಿ ನಿಂತ ಸಹಾಯಕ ಊರಿಗೆ ಬರುವಷ್ಟರಲ್ಲಿ ಟೆಕ್ನಿಷಿಯನ್ ಆಗಿರುತ್ತಾನೆ. ಬ್ರೋಕರ್ ಬಾಯಲ್ಲಿ ಫಾರ್ಮಸಿಸ್ಟ್ ಆಗುತ್ತಾನೆ. ಛತ್ರದ ಬಾಗಿಲಿಗೆ ಬರುವ ಹೊತ್ತಿಗೆ ಹುಡುಗ ಯುಕೆಯಲ್ಲಿ ಡಾಕ್ಟರ್. ಅಲ್ಲಿನ ಕೌನ್ಸಿಲ್ಲು ಎರಡು ವರ್ಷ ಸತಾಯಿಸಿದ್ದನ್ನು ನಮ್ಮ ಬೀಗರು ಎರಡೇ ಹೋಳಿಗೆಯಲ್ಲಿ ಮುಗಿಸುತ್ತಾರೆ. ಹೆಂಡತಿಯನ್ನು ಕರೆದುಕೊಂಡು ಹೋಗುವಂತಿಲ್ಲ ಎಂಬ ಸಂಗತಿ ಹೆಣ್ಣಿನ ಅಪ್ಪನಿಗೆ ಗೊತ್ತಾಗುವುದು ಛತ್ರದ ಬಿಲ್ ಕಟ್ಟಿದ ಮೇಲೆ.

ಇಷ್ಟೆಲ್ಲ ಗೋಜಲಿನಿಂದ ಯಾರಿಗೆ ಲಾಭ? ಅವರ ಬೋರ್ಡು ಬೆಂಗಳೂರಿನ ಪ್ರತಿ ಸಿಗ್ನಲ್ಲಿನಲ್ಲಿದೆ. ಹಿನ್ನೆಲೆಯಲ್ಲಿ ಬಿಗ್ ಬೆನ್, ಮುಂದೆ ಬಿಳಿ ಕೋಟು ತೊಟ್ಟು ನಗುವ ಮಾಡೆಲ್. ನೂರಕ್ಕೆ ನೂರು ವೀಸಾ. ವೀಸಾ ಕೊಡುವುದು ಬ್ರಿಟಿಷ್ ಸರ್ಕಾರ, ಗ್ಯಾರಂಟಿ ಕೊಡುವುದು ಎರಡನೇ ಮಹಡಿಯ ಕನ್ಸಲ್ಟೆನ್ಸಿ. ವಿದೇಶಿ ಕೆಲಸಕ್ಕೆ ಜನ ಕಳಿಸುವ ಏಜೆಂಟ್ ನೋಂದಾಯಿಸಿಕೊಂಡಿರಬೇಕು, ಅಭ್ಯರ್ಥಿಯಿಂದ 30,000 ರೂಪಾಯಿ ಮತ್ತು ಜಿಎಸ್‌ಟಿಗಿಂತ ಹೆಚ್ಚು ತೆಗೆದುಕೊಳ್ಳುವಂತಿಲ್ಲ ಎಂಬುದು ನಮ್ಮ ನಿಯಮ. ವೀಸಾಕ್ಕೆಂದು ತಾನು ಕೊಡುವ ಸ್ಪಾನ್ಸರ್‌ಶಿಪ್ ಸರ್ಟಿಫಿಕೇಟಿನ ಖರ್ಚನ್ನು ಮಾಲೀಕ ಕೆಲಸಗಾರನಿಂದ ವಸೂಲಿ ಮಾಡುವಂತಿಲ್ಲ ಎಂಬುದು ಅವರ ನಿಯಮ. ಎರಡು ದೇಶಗಳ ಕಾನೂನು ಹೀಗೆ ಕೈಕೈ ಹಿಡಿದು ಕಾಯುತ್ತಿರುವಾಗ ಮಾರಾಟವಾಗುವುದು ಆ ಸರ್ಟಿಫಿಕೇಟೇ. ಲಕ್ಷಗಳಲ್ಲಿ. ಕಂತಿನಲ್ಲಿ.

ಹುಡುಗ ಅಪ್ಪನನ್ನು ಕರೆದುಕೊಂಡು ಆ ಎರಡನೇ ಮಹಡಿ ಹತ್ತುತ್ತಾನೆ. ಎಸಿ ಇದೆ. ಲಂಡನ್ ಸೇತುವೆಯ ಫೋಟೊ ಇದೆ. ಟೈ ಕಟ್ಟಿದ ಯುವಕ ನೀರು ಕೊಡುತ್ತಾನೆ.

‘ನೋಂದಣಿ ಇಲ್ದೆ ಟೆಕ್ನಿಷಿಯನ್ ಕೆಲಸ ಕೊಡಲ್ಲ ಅಂತ ಇವನು ಎಲ್ಲೋ ಓದಿದ್ದಾನೆ ಸಾರ್’ ಎನ್ನುತ್ತಾರೆ ಅಪ್ಪ.

‘ಅದೆಲ್ಲ ಇಂಟರ್‌ನೆಟ್ಟಲ್ಲಿ ಬರೆಯೋದು ಅಂಕಲ್. ನಮ್ಮ ಹತ್ರ ಲೈನ್ ಬೇರೆ ಇದೆ. ಇವತ್ತು ಫೈಲ್ ಓಪನ್ ಮಾಡಿಸಿ, ಮಿಕ್ಕಿದ್ದು ನಾವ್ ನೋಡ್ಕೋತೀವಿ.’

ಅಪ್ಪ ಅಡಿಕೆ ಮಾರಿದ ದುಡ್ಡನ್ನು ಕರವಸ್ತ್ರದಿಂದ ಬಿಚ್ಚುತ್ತಾರೆ. ರಸೀದಿ ಕೇಳುತ್ತಾರೆ.

‘ರಸೀದಿ ಬೇಕಾ ಅಂಕಲ್? ಹಾಗಾದ್ರೆ ಮೂವತ್ತು ಸಾವಿರಕ್ಕೆ ಮಾತ್ರ ಬರೆದುಕೊಡ್ತೀವಿ. ರೂಲ್ಸ್ ಇದೆ.’