ರೆಟ್ರೋ ರಾಯರ ಕಡಲು

ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ನಡುರಾತ್ರಿ ದಾಟಿದರೂ ದೀಪ ಉರಿಯುತ್ತಿದ್ದರೆ ಆ ಮನೆಯಲ್ಲಿ ಒಂದೋ ಕೈಗೂಸಿರಬೇಕು, ಇಲ್ಲವೇ ಸ್ವಂತ ವಿಡಿಯೋ ಗೇಮ್ ಮಾಡುವವರಿರಬೇಕು. ನಮ್ಮ ಮಹಡಿಯಲ್ಲಿರುವುದು ಎರಡನೆಯ ಜಾತಿ. ಹಗಲೆಲ್ಲ ಬ್ಯಾಂಕಿನ ಸಾಫ್ಟ್‌ವೇರು, ರಾತ್ರಿಯೆಲ್ಲ ಮೀನು. ರೆಟ್ರೋ ರಾಯರು ಎಂದು ನಾನೇ ಹೆಸರಿಟ್ಟಿದ್ದೇನೆ. ಮಾಸಿದ ಟೀಶರ್ಟು, ನಿದ್ದೆಗೆಟ್ಟ ಕಣ್ಣು, ಬಾಯಲ್ಲಿ ಸದಾ ‘ದೀಪಾವಳಿಗೆ ರಿಲೀಸ್ ಸಾರ್’. ಯಾವ ದೀಪಾವಳಿ ಎಂದು ಕೇಳಬಾರದು.

ಅವರು ಮಾಡುತ್ತಿರುವುದು ನೀರೊಳಗಿನ ರೈಲ್ ಶೂಟರ್. ತೇರಿನಲ್ಲಿ ಕೂತ ದೇವರ ಕೈಗೆ ಬಂದೂಕು ಕೊಟ್ಟ ಹಾಗೆ: ದಾರಿ ಮೊದಲೇ ನಿಗದಿ, ನಿಲ್ಲುವಂತಿಲ್ಲ, ಹಿಂದಿರುಗುವಂತಿಲ್ಲ, ಎದುರಾದದ್ದಕ್ಕೆಲ್ಲ ಗುಂಡು ಹಾರಿಸುತ್ತ ಸಾಗಬೇಕು. ಈ ಆಟಗಳ ವಂಶಾವಳಿಯನ್ನು ಅವರು 1985ರ ಸ್ಪೇಸ್ ಹ್ಯಾರಿಯರ್‌ನಿಂದ ಹಿಡಿಯುತ್ತಾರೆ. 1995ರ ಪ್ಯಾಂಜರ್ ಡ್ರಾಗೂನ್ ದಾಟಿ 1997ರ ಸ್ಟಾರ್ ಫಾಕ್ಸ್ 64ಕ್ಕೆ ಬರುವಷ್ಟರಲ್ಲಿ ಲಿಫ್ಟು ಬಂದು ಹೋಗಿರುತ್ತದೆ. ಆ ಸ್ಟಾರ್ ಫಾಕ್ಸ್‌ನಲ್ಲಿ ಆಕ್ವಾಸ್ ಎಂಬ ಕಡಲಿನ ಹಂತವೊಂದಿದೆ. ಕತ್ತಲ ನೀರಿನಲ್ಲಿ ಬಿಟ್ಟ ಟಾರ್ಪಿಡೋವೇ ದೀಪವಾಗಿ ದಾರಿ ತೋರಿಸುತ್ತದೆ. ಆ ಒಂದು ಹಂತ ರಾಯರಿಗೆ ಸಾಲಲಿಲ್ಲ.

ಕಷ್ಟವೆಲ್ಲ ಇರುವುದು ‘ರೆಟ್ರೋ’ದಲ್ಲಿ, ಅಂದರೆ ಆಟ ಆ ಕಾಲದ್ದರಂತೆಯೇ ಕಾಣಬೇಕೆಂಬ ಹಟದಲ್ಲಿ. ಮೊದಲ ಪ್ಲೇಸ್ಟೇಷನ್ನು ಆಕೃತಿಗಳ ಮೂಲೆಗಳನ್ನು ಪೂರ್ಣಾಂಕದಲ್ಲಷ್ಟೇ ಪರದೆಯ ಮೇಲೆ ಇಡುತ್ತಿತ್ತು. ಕ್ಯಾಮೆರಾ ಸರಿದರೆ ಗೋಡೆ, ಗಿಡ, ಮನುಷ್ಯ ಎಲ್ಲವೂ ನಡುಗುತ್ತಿದ್ದವು. ಈಗಿನ ಗ್ರಾಫಿಕ್ಸ್ ಕಾರ್ಡಿಗೆ ಆ ತಪ್ಪು ಬರುವುದೇ ಇಲ್ಲ. ಶೇಡರ್ ಎಂಬ ಪುಟ್ಟ ಪ್ರೋಗ್ರಾಂ ಬರೆದು ಅದಕ್ಕೆ ತಪ್ಪು ಕಲಿಸಬೇಕು. ಲಕ್ಷ ರೂಪಾಯಿಯ ಕಂಪ್ಯೂಟರನ್ನು 320×240 ಚುಕ್ಕಿಗಳ ಬಡತನಕ್ಕೆ ಇಳಿಸಲು ಮನುಷ್ಯ ವರ್ಷಗಟ್ಟಲೆ ನಿದ್ದೆಗೆಡುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಕಂಡಿದ್ದೇನೆ ಎಂದರೆ, ಕಾಣಿಸಿದ್ದಾರೆ. ‘ಐದೇ ನಿಮಿಷ ಸಾರ್, ಟೆಸ್ಟಿಂಗು’ ಎಂದು ಊಟಕ್ಕೆ ಕೂತವನನ್ನು ಎಬ್ಬಿಸಿಕೊಂಡು ಹೋಗಿ ಕೈಗೆ ಕಂಟ್ರೋಲರ್ ಕೊಡುತ್ತಾರೆ. ತಾವು ಬೆನ್ನ ಹಿಂದೆ ನಿಲ್ಲುತ್ತಾರೆ. ಆಡಲು ಬಿಡುತ್ತಾರೆಯೇ? ‘ಅಯ್ಯೋ ಅಲ್ಲಲ್ಲ, ಎಡಕ್ಕೆ! ಅದನ್ನ ಹೊಡೀಬೇಡಿ, ಗುಳ್ಳೆ ನೋಡಿ, ಗುಳ್ಳೆ!’ ಒಮ್ಮೆ ಎದುರಿಗೆ ಬಂದ ಬಂಗಡೆ ಮೀನು ಗಡಗಡ ನಡುಗುತ್ತಿತ್ತು. ‘ಪಾಪ, ನೀರು ತಣ್ಣಗಿರಬೇಕು’ ಎಂದೆ. ‘ಅದೇ ಸಾರ್ ಬೇಕಾಗಿದ್ದು!’ ಎಂದು ಕುಣಿದರು. ಉತ್ಸಾಹ ಬಂದು, ಹಿಂದಿನಿಂದ ತೇಲಿ ಬಂದ ಆಮೆಯನ್ನೂ ಹೊಗಳಿದೆ: ಎಷ್ಟು ಸ್ಥಿರ, ಎಷ್ಟು ಗಂಭೀರ. ರಾಯರ ಮುಖ ಇಳಿಯಿತು. ನಡುಗದಿರುವುದೇ ಅದರ ದೋಷವಂತೆ. ಮರುರಾತ್ರಿ ನನ್ನನ್ನು ಕರೆದದ್ದು ಆಮೆಯ ನಡುಕ ತೋರಿಸಲು. ಅದನ್ನು ನೋಡುತ್ತಿದ್ದಾಗಲೇ ಆಕ್ಟೋಪಸ್ಸು ನನ್ನನ್ನು ಕೊಂದಿತು. ರಾಯರ ಎಂಟು ವರ್ಷದ ಮಗಳು ಅದನ್ನು ಒಂದೇ ಕೈಯಲ್ಲಿ ಮುಗಿಸುತ್ತಾಳೆ, ಇನ್ನೊಂದು ಕೈಯಲ್ಲಿ ಚಕ್ಕುಲಿ.

ಆದರೂ ಅವರ ಲೆಕ್ಕಾಚಾರ ಮೆಚ್ಚಬೇಕು. ಆ ಕಾಲದ ಯಂತ್ರಗಳಿಗೆ ದೂರದ ದೃಶ್ಯ ಬಿಡಿಸುವ ತ್ರಾಣವಿರಲಿಲ್ಲ. ಅದನ್ನು ಮುಚ್ಚಲು ಎಷ್ಟೋ ಆಟಗಳಲ್ಲಿ ಮಂಜು ಕವಿಸುತ್ತಿದ್ದರು. ಬಟ್ಟಬಯಲಲ್ಲಿ ಮಂಜೆಂದರೆ ನೆಪ. ಕಡಲ ತಳದಲ್ಲಿ ಯಾರು ಕೇಳುತ್ತಾರೆ? ಅಲ್ಲಿ ದೂರ ಕಾಣದಿರುವುದೇ ಸಹಜ.

ಒಂದು ರಾತ್ರಿ ಕಾಫಿ ಕುಡಿಯುತ್ತ ತಾವಾಗಿಯೇ ಹೇಳಿದರು. ದಾವಣಗೆರೆಯ ಅವರ ಬಾಲ್ಯದಲ್ಲಿ ಪ್ಲೇಸ್ಟೇಷನ್ನೂ ಇಲ್ಲ, ನಿಂಟೆಂಡೊ 64ಊ ಇಲ್ಲ. ಇದ್ದದ್ದು ಪಕ್ಕದ ಮನೆಯ ನಕಲಿ ಟಿ.ವಿ. ಗೇಮು, ಕ್ಯಾಸೆಟ್ಟಿನ ಮೇಲೆ 9999 ಆಟ, ಒಳಗೆ ಬೆರಳೆಣಿಕೆಯಷ್ಟು. ಸರದಿ ಬರುವ ಹೊತ್ತಿಗೆ ಕರೆಂಟು ಹೋಗುತ್ತಿತ್ತು. ಸಮುದ್ರ ನೋಡಿದ್ದು ಶಾಲಾ ಪ್ರವಾಸದಲ್ಲಿ, ಮುರುಡೇಶ್ವರದಲ್ಲಿ; ಮೇಷ್ಟ್ರು ಮೊಣಕಾಲಿನಾಚೆ ಇಳಿಯಲು ಬಿಡಲಿಲ್ಲ. ಈಜು ಇವತ್ತಿಗೂ ಬರುವುದಿಲ್ಲ. ಆ ನಡುಗುವ ಬಾಲ್ಯ ಇನ್ಯಾರದ್ದೋ, ಹಂಬಲ ಮಾತ್ರ ಇವರದ್ದು. ಆ ರಾತ್ರಿ ನನ್ನ ಗೊಣಗಾಟಕ್ಕೆ ಬಾಯಿ ಬರಲಿಲ್ಲ.

ನಿಮ್ಮ ಮಹಡಿಯಲ್ಲೂ ಇಂಥವರೊಬ್ಬರು ಇದ್ದಾರು. ಕರೆದರೆ ಹೋಗಿ, ಆಡಿ, ಸಾಯಿರಿ. ‘ಇಬ್ಬರು ಸೇರಿ ಆಡುವಂತಿದ್ದರೆ ಚೆನ್ನಾಗಿತ್ತು’ ಎಂದು ಮಾತ್ರ ಬಾಯಿ ತಪ್ಪಿಯೂ ಅನ್ನಬೇಡಿ. ಇನ್ನೆರಡು ದೀಪಾವಳಿ ಅಲ್ಲೇ ಮುಳುಗುತ್ತವೆ.