ತವರು ಹಡಗು

ಲೀ ವ್ಯಾಕ್ಟ್‌ಸ್ಟೆಟರ್ ಎಂಬ ಅಮೆರಿಕದ ಅಜ್ಜಿಗೆ ಹಡಗಿನಿಂದ ಇಳಿಯಬೇಕು ಅನ್ನಿಸುತ್ತಿದ್ದ ಊರು ಇಸ್ತಾಂಬುಲ್ ಒಂದೇ. ಅದೂ ಅಲ್ಲಿನ ಮಸೀದಿ, ಅರಮನೆ ನೋಡುವ ಆಸೆಗಲ್ಲ. ಗ್ರ್ಯಾಂಡ್ ಬಜಾರಿನಲ್ಲಿ ಮಿರಮಿರ ಮಿನುಗುವ ಉಡುಪು ಸಿಗುತ್ತದೆ, ರಾತ್ರಿ ಕುಣಿಯುವುದಕ್ಕೆ ಅದು ಬೇಕು. ಉಳಿದಂತೆ ವೆನಿಸ್ ಬರಲಿ, ರಿಯೋ ಬರಲಿ, ಜಗತ್ತು ಕಿಟಕಿಯ ಪಕ್ಕಕ್ಕೆ ಬಂದು ಒಂದಷ್ಟು ಹೊತ್ತು ನಿಂತು ಹೋಗುತ್ತಿತ್ತು. ಅಜ್ಜಿ ಕೈಯಲ್ಲಿದ್ದ ಕಸೂತಿ ಬಿಟ್ಟು ಏಳುತ್ತಿರಲಿಲ್ಲ.

1997ರಲ್ಲಿ ತೀರಿಕೊಂಡ ಅವರ ಗಂಡ, ಸಾಯುವ ಮುನ್ನ ಹೇಳಿದ್ದು ಒಂದೇ ಮಾತಂತೆ: ಕ್ರೂಸ್ ಹೋಗುವುದನ್ನು ಮಾತ್ರ ನಿಲ್ಲಿಸಬೇಡ. ಗಂಡನ ಮಾತನ್ನು ಇಷ್ಟು ಶ್ರದ್ಧೆಯಿಂದ ಪಾಲಿಸಿದ ಪತಿವ್ರತೆ ಪುರಾಣದಲ್ಲೂ ಸಿಗಲಾರಳು. ಫ್ಲಾರಿಡಾದ ದೊಡ್ಡ ಮನೆ ಮಾರಿ ಲೀ ಹಡಗು ಹತ್ತಿದರು. ಮೊದಲ ಮೂರು ವರ್ಷ ಹಾಲೆಂಡ್ ಅಮೆರಿಕ ಕಂಪನಿಯ ‘ಪ್ರಿನ್ಸೆಂಡಾಮ್’ ಹಡಗಿನಲ್ಲಿದ್ದರು. ಒಂಟಿಯಾಗಿ ಬಂದ ಮಹಿಳೆಯರ ಜತೆ ಕುಣಿಯಲೆಂದೇ ಕಂಪನಿಗಳು ನೇಮಿಸುವ ಸಭ್ಯ ನರೆಗೂದಲಿನ ಮಹನೀಯರ ಪದ್ಧತಿಯನ್ನು ಆ ಹಡಗು ಕೈಬಿಟ್ಟಿತು. ಲೀ ಆ ಹಡಗನ್ನೇ ಕೈಬಿಟ್ಟು ‘ಕ್ರಿಸ್ಟಲ್ ಸೆರೆನಿಟಿ’ಗೆ ಗಂಟುಮೂಟೆ ಸಾಗಿಸಿದರು. ಅಲ್ಲಿ ಎಲ್ಲರ ಬಾಯಲ್ಲಿ ‘ಮಮ್ಮಾ ಲೀ’ ಆದರು. 2015ರಲ್ಲಿ ಪತ್ರಿಕೆಗಳು ಅವರನ್ನು ಹುಡುಕಿಕೊಂಡು ಹೋದಾಗ ಅವರಿಗೆ 86, ಹಡಗಿನ ಬಾಡಿಗೆ ವರ್ಷಕ್ಕೆ ಸುಮಾರು 1,64,000 ಡಾಲರ್.

ಮಮ್ಮಾ ಲೀ ತುತ್ತತುದಿಯ ಉದಾಹರಣೆ, ಒಪ್ಪೋಣ. ಆದರೆ ವರ್ಷಕ್ಕೆರಡು ಸಲ, ಮೂರು ಸಲ ಅದೇ ಹಡಗು, ಸಾಧ್ಯವಾದರೆ ಅದೇ ಕ್ಯಾಬಿನ್, ಅದೇ ಮೇಜು ಎಂದು ಹಟ ಹಿಡಿದು ಮರಳುವವರಿಗೆ ಬರವಿಲ್ಲ. ನೆಲದ ಮೇಲಿನ ಜನಕ್ಕೆ ಇದು ಅರ್ಥವಾಗುವುದಿಲ್ಲ. ಇಷ್ಟು ದುಡ್ಡು ಸುರಿದು ಹೋಗುವವರು ಪ್ರತಿ ಸಲ ಹೊಸ ಹಡಗು, ಹೊಸ ದಾರಿ ನೋಡಬಾರದೇ ಎನ್ನುತ್ತಾರೆ. ಹೆಣ್ಣುಮಕ್ಕಳು ತವರಿಗೆ ಹೋಗುವುದು ಆ ಊರಿನ ಪ್ರೇಕ್ಷಣೀಯ ಸ್ಥಳ ನೋಡಲಿಕ್ಕಲ್ಲ ಎಂಬುದನ್ನು ನೆನೆದರೆ ಸಂಗತಿ ಅರ್ಧ ತಿಳಿಯುತ್ತದೆ. ಹೋದ ಕೂಡಲೇ ಯಾರೋ ‘ಬಂದ್ಯಾ?’ ಎನ್ನಬೇಕು, ಕೇಳದೆಯೇ ಕಾಫಿ ಬರಬೇಕು, ಒಲೆಯ ಹತ್ತಿರ ಸುಳಿಯುವಂತಿರಬಾರದು. ಕ್ಯಾಬಿನ್ ನೋಡಿಕೊಳ್ಳುವ ಹುಡುಗ ಹೋದ ಸಲ ಈಕೆ ಎರಡು ದಿಂಬು ಕೇಳಿದ್ದನ್ನು ನೆನಪಿಟ್ಟುಕೊಂಡು, ಈ ಸಲ ಬಾಗಿಲು ತೆರೆಯುವಷ್ಟರಲ್ಲಿ ಇಟ್ಟಿದ್ದರೆ, ಆ ಎರಡನೆಯ ದಿಂಬಿನ ಮುಂದೆ ಇಡೀ ಕೆರಿಬಿಯನ್ ಸಮುದ್ರ ಸಪ್ಪೆ.

ಹೊಸ ಹಡಗುಗಳ ಅಬ್ಬರ ಕೇಳಬೇಕೇ? 2024ರ ಜನವರಿಯಲ್ಲಿ ಮಯಾಮಿಯಿಂದ ಹೊರಟ ‘ಐಕಾನ್ ಆಫ್ ದಿ ಸೀಸ್’ ಹಡಗಿಗೆ 20 ಡೆಕ್, 7 ಈಜುಕೊಳ, ನೀರಲ್ಲಿ ಜಾರಲು 6 ಜಾರುಬಂಡಿ. ಎರಡೂವರೆ ಲಕ್ಷ ಟನ್ನಿಗೆ ಚೂರು ಕಡಿಮೆ. ಮಮ್ಮಾ ಲೀ ಬಿಟ್ಟುಬಂದ ಪ್ರಿನ್ಸೆಂಡಾಮ್ 38,000 ಟನ್ನಿನದು, ಎಂಟುನೂರು ಚಿಲ್ಲರೆ ಪ್ರಯಾಣಿಕರದು, ಜಾರುಬಂಡಿಯ ಸುಳಿವೂ ಇಲ್ಲದ್ದು. ಆದರೂ ಹಾಲೆಂಡ್ ಅಮೆರಿಕದ ಹಳೇ ಗಿರಾಕಿಗಳು ಜೀವ ಬಿಡುತ್ತಿದ್ದದ್ದು ಈ ಸಣ್ಣ ಹಡಗಿಗೆ. ದೊಡ್ಡ ಹಡಗಿನಲ್ಲಿ ಮೊದಲ ಮೂರು ದಿನ ಮೂತಿ ಯಾವ ಕಡೆ, ಬಾಲ ಯಾವ ಕಡೆ ಎಂದು ಹುಡುಕುವುದರಲ್ಲೇ ಕಳೆಯುತ್ತದೆ. ನಾರ್ವೇಜಿಯನ್ ಕಂಪನಿಯವರು ಜನರ ಪಾಡು ನೋಡಲಾರದೆ ಓಣಿಯ ಕಾರ್ಪೆಟ್ಟಿನ ಮೇಲೆ ಮೀನುಗಳನ್ನು ನೇಯಿಸಿಟ್ಟರು. ಮೀನು ಈಜುವ ದಿಕ್ಕು ಹಡಗಿನ ಮುಂಭಾಗ. ಹಳೇ ಗಿರಾಕಿಗೆ ಮೀನು ಬೇಡ. ನಿದ್ದೆಗಣ್ಣಿನಲ್ಲಿ ಎದ್ದರೂ ಕಾಲು ತಾನಾಗಿ ಕಾಫಿಯ ಕಡೆ ಹೋಗುತ್ತದೆ.

ಹಾಲೆಂಡ್ ಅಮೆರಿಕದ ಹಡಗುಗಳ ಲಿಫ್ಟಿನಲ್ಲಿ ಒಂದು ಸಣ್ಣ ಸೊಗಸಿದೆ. ಲಿಫ್ಟಿನ ನೆಲಹಾಸಿನ ಮೇಲೆ ಆ ದಿನದ ವಾರ ಬರೆದಿರುತ್ತದೆ. ಪ್ರತಿ ರಾತ್ರಿ ಯಾರೋ ಬಂದು ಮಂಗಳವಾರ ಸುತ್ತಿಟ್ಟು ಬುಧವಾರ ಹಾಸಿ ಹೋಗುತ್ತಾರೆ. ಗಡಿಯಾರ, ಕ್ಯಾಲೆಂಡರ್ ಮರೆತವರಿಗೆ ಇವತ್ತು ಯಾವ ವಾರ ಎಂದು ಕಾಲ ಕೆಳಗಿನಿಂದ ತಿಳಿಯುತ್ತದೆ. ಊಟದ ಮನೆಯ ಬಾಗಿಲಲ್ಲಿ ಬಣ್ಣದ ದಿರಿಸಿನವನೊಬ್ಬ ಪುದೀನ ಮಿಠಾಯಿ, ಸಕ್ಕರೆ ಸವರಿದ ಶುಂಠಿ ಹಿಡಿದು ನಿಂತಿರುವ ರೂಢಿಯೂ ಅಲ್ಲಿತ್ತು. ಇಂಥ ಚಿಲ್ಲರೆ ಸಂಗತಿಗಳಿಗಾಗಿ ಯಾರಾದರೂ ಸಾವಿರಾರು ಡಾಲರ್ ತೆರುತ್ತಾರೆಯೇ? ತೆರುತ್ತಾರೆ. ಮುಂದಿನ ಸಲ ಶುಂಠಿ ಇಲ್ಲದಿದ್ದರೆ ಕಂಪನಿಯ ಮುಖ್ಯಸ್ಥನಿಗೆ ಪತ್ರವನ್ನೂ ಬರೆಯುತ್ತಾರೆ.

ಹಳೇ ಗಿರಾಕಿಯಷ್ಟು ದೂರು ಹೇಳುವವರು ಯಾರೂ ಇಲ್ಲ ಎನ್ನುವುದು ಹಡಗಿನ ಸಿಬ್ಬಂದಿಗೆಲ್ಲ ಗೊತ್ತು. ಮೊದಲ ಸಲ ಬಂದವರು ಸೂಪು ಬಂತೆಂದೇ ಹಿಗ್ಗುತ್ತಾರೆ. ಇವರು ಬಟ್ಟಲಿನ ಅಂಚು ನೋಡಿ, ‘ಮೊದಲು ಹೀಗಿರಲಿಲ್ಲ’ ಎಂದು ನಿಟ್ಟುಸಿರು ಬಿಡುತ್ತಾರೆ. ದಿಂಬಿನ ಮೇಲಿಡುತ್ತಿದ್ದ ಚಾಕೊಲೇಟು ಹೋಯಿತು, ಮಧ್ಯರಾತ್ರಿಯ ಭೋಜನ ಹೋಯಿತು, ಪರದೆಯ ಬಣ್ಣ ಬದಲಾಯಿತು. ಇಷ್ಟೆಲ್ಲ ಕೆಟ್ಟು ಕೆರ ಹಿಡಿದ ಹಡಗಿಗೆ ಮುಂದಿನ ವರ್ಷವೂ ಬರುತ್ತೀರಾ ಎಂದು ಕೇಳಿ ನೋಡಿ, ಟಿಕೆಟ್ ಆಗಲೇ ಆಗಿರುತ್ತದೆ.

ಕುನಾರ್ಡ್ ಕಂಪನಿಯ ‘ಕ್ವೀನ್ ಎಲಿಜಬೆತ್ 2’, ಅಭಿಮಾನಿಗಳ ಬಾಯಲ್ಲಿ ಕ್ಯೂಇ2, ಈ ಪ್ರೀತಿಯನ್ನು ಚೆನ್ನಾಗಿಯೇ ಪರೀಕ್ಷಿಸಿತು. 1994ರ ಡಿಸೆಂಬರಿನಲ್ಲಿ ನವೀಕರಣ ಮುಗಿಯುವ ಮೊದಲೇ ಅದನ್ನು ಕ್ರಿಸ್ಮಸ್ ಯಾತ್ರೆಗೆ ಹೊರಡಿಸಿಬಿಟ್ಟರು. ಕೊಳಾಯಿ ರಿಪೇರಿಯವರು, ಬಡಗಿಗಳು ಪ್ರಯಾಣಿಕರ ಜತೆಗೇ ಅಟ್ಲಾಂಟಿಕ್ ದಾಟಿದರು. ಕ್ಯಾಬಿನ್ ಸಿದ್ಧವಿಲ್ಲವೆಂದು ಎಷ್ಟೋ ಮಂದಿ ದಡದಲ್ಲೇ ಉಳಿದರು. ಕಂಪನಿ ಲಕ್ಷಗಟ್ಟಲೆ ಪೌಂಡ್ ಪರಿಹಾರ ಕಟ್ಟಿತು. ಮರುವರ್ಷ ಸೆಪ್ಟೆಂಬರಿನಲ್ಲಿ ಲೂಯಿಸ್ ಚಂಡಮಾರುತ ಎಬ್ಬಿಸಿದ ಸುಮಾರು 29 ಮೀಟರಿನ ಅಲೆಯೊಂದು ಅದೇ ಹಡಗಿನ ಮೂತಿಗೆ ಅಪ್ಪಳಿಸಿತು. ಆಗ ಚುಕ್ಕಾಣಿಯ ಜವಾಬ್ದಾರಿ ಇದ್ದದ್ದು ಕ್ಯಾಪ್ಟನ್ ರೊನಾಲ್ಡ್ ವಾರ್ವಿಕ್ ಅವರಿಗೆ. ಈ ಹಡಗಿನ ಮೊಟ್ಟಮೊದಲ ಕ್ಯಾಪ್ಟನ್ ವಿಲಿಯಂ ವಾರ್ವಿಕ್ ಅವರ ಮಗ! ಅಪ್ಪ ನಡೆಸಿದ ಹಡಗನ್ನು ಮಗ ನಡೆಸುವಾಗ, ಅಪ್ಪನ ಕಾಲದಲ್ಲಿ ಕೂತಿದ್ದ ಮೇಜೇ ಬೇಕು ಎಂದು ಪ್ರಯಾಣಿಕ ಕೇಳಿದರೆ ತಪ್ಪೇನು? ಅಲ್ಲಿ ಪಂಕ್ತಿಭೇದವೂ ಇತ್ತೆನ್ನಿ. ಕ್ಯಾಬಿನ್ನಿನ ದರ್ಜೆ ನೋಡಿ ಊಟದ ಮನೆ. ಕ್ವೀನ್ಸ್ ಗ್ರಿಲ್‌ನಲ್ಲಿ ಕೂತವರು ಪಟ್ಟಿಯಲ್ಲಿಲ್ಲದ್ದನ್ನೂ ಮಾಡಿಸಿಕೊಳ್ಳಬಹುದಿತ್ತು.

ಕಂಪನಿಗಳು ಈ ಮೋಹವನ್ನು ದೇವರ ಪಾಲಿಗೆ ಬಿಟ್ಟು ಸುಮ್ಮನೆ ಕೂತಿಲ್ಲ. ಹಾಲೆಂಡ್ ಅಮೆರಿಕದವರು ಸಮುದ್ರದ ಮೇಲೆ 100 ದಿನ ಕಳೆದವರಿಗೆ ಕಂಚಿನ ಪದಕ ಕೊಡುತ್ತಾರೆ. 300 ದಿನಕ್ಕೆ ಬೆಳ್ಳಿ, 500ಕ್ಕೆ ಚಿನ್ನ, 700ಕ್ಕೆ ಪ್ಲಾಟಿನಂ. ಓಡಿಲ್ಲ, ಈಜಿಲ್ಲ, ಭಾರ ಎತ್ತಿಲ್ಲ. ಊಟ ಮಾಡಿ ಮಲಗಿದ್ದಕ್ಕೆ ಪದಕ ಸಿಗುವ ಕ್ರೀಡೆ ಭೂಮಿಯ ಮೇಲೆ ಬೇರೊಂದಿರಲಾರದು. ಸಮಾರಂಭದಲ್ಲಿ ಅದನ್ನು ಕೊರಳಿಗೆ ಹಾಕಿಕೊಂಡು ನಿಂತವರ ಮುಖ ನೋಡಬೇಕು, ಒಲಿಂಪಿಕ್ಸ್ ವೇದಿಕೆಯಲ್ಲೂ ಅಷ್ಟು ತೃಪ್ತಿ ಕಾಣುವುದು ಅಪರೂಪ.

ಆದರೆ ಪದಕಕ್ಕಿಂತ ಬಲವಾದ ಗಾಳ ಬಟ್ಟೆ ಒಗೆಯುವುದು. ಹಾಲೆಂಡ್ ಅಮೆರಿಕದಲ್ಲೂ ಪ್ರಿನ್ಸೆಸ್ ಕಂಪನಿಯಲ್ಲೂ ಮೇಲಿನ ದರ್ಜೆಗೆ ಏರಿದವರಿಗೆ ಲಾಂಡ್ರಿ ಪುಕ್ಕಟೆ. ಲಕ್ಷಾಂತರ ಡಾಲರ್ ಆಸ್ತಿಯಿರುವ ನಿವೃತ್ತ ವಕೀಲನೊಬ್ಬ ಮಾಸಿದ ಅಂಗಿಗಳನ್ನು ಚೀಲಕ್ಕೆ ತುಂಬಿ ಬಾಗಿಲ ಹೊರಗಿಡುವಾಗ ಪಡುವ ಸುಖ, ಅವನು ಗೆದ್ದ ಯಾವ ಮೊಕದ್ದಮೆಯಲ್ಲೂ ಸಿಕ್ಕಿರಲಾರದು. ಇಸ್ತ್ರಿಯಾಗಿ, ಮಡಿಕೆಯಾಗಿ, ಕಾಸಿಲ್ಲದೆ ವಾಪಸು! ಈ ದರ್ಜೆ ಬಿಟ್ಟು ಬೇರೆ ಕಂಪನಿಗೆ ಹೋದರೆ ಮತ್ತೆ ಒಂದನೇ ಕ್ಲಾಸು, ಮತ್ತೆ ಅಂಗಿಗೆ ಇಷ್ಟು, ಪ್ಯಾಂಟಿಗೆ ಇಷ್ಟು. ಜನ ಕದಲುವುದಿಲ್ಲ. ಹಡಗಿನಲ್ಲೇ ಒಂದು ಮೇಜು ಹಾಕಿ, ಮುಂದಿನ ಯಾತ್ರೆಯನ್ನು ಕಡಿಮೆ ಮುಂಗಡಕ್ಕೆ ಕಾಯ್ದಿರಿಸಿಕೊಡುವವರೂ ಕೂತಿರುತ್ತಾರೆ. ಇನ್ನೆರಡು ದಿನಕ್ಕೆ ಮನೆಗೆ ಹೋಗಬೇಕಲ್ಲ ಎಂಬ ಸಂಕಟ ಶುರುವಾಗುವ ಹೊತ್ತಿಗೆ ಅಲ್ಲಿ ಸರದಿ ಉದ್ದವಾಗುತ್ತದೆ.

ಮನೆಗೇ ಹೋಗದೆ ಬೆನ್ನಿಗೆ ಬೆನ್ನು ಹಚ್ಚಿ ಎರಡು ಯಾತ್ರೆ ಮಾಡುವವರದು ಬೇರೆ ತಮಾಷೆ. ಅಮೆರಿಕದ ಬಂದರಿನಲ್ಲಿ ಯಾತ್ರೆ ಮುಗಿದಾಗ ಹಡಗಿನಲ್ಲಿ ಒಬ್ಬ ಪ್ರಯಾಣಿಕನೂ ಉಳಿದಿಲ್ಲ ಎಂದು ಲೆಕ್ಕದಲ್ಲಿ ಆಗಬೇಕು. ಹಾಗಾಗಿ ಇವರನ್ನೆಲ್ಲ ಒಂದು ಹಾಲಿನಲ್ಲಿ ಕೂಡಿಸಿ, ಸಾಲಾಗಿ ಕೆಳಗಿಳಿಸಿ, ಪಾಸ್‌ಪೋರ್ಟ್ ತೋರಿಸಿ, ಎಣಿಕೆ ಸೊನ್ನೆಯಾದ ಮೇಲೆ ಮತ್ತೆ ಹತ್ತಿಸುತ್ತಾರೆ. ಈ ವಿದೇಶ ಪ್ರವಾಸ ಮುಗಿಸಿ ಬಂದವರು ಅಬ್ಬಾ ಎಂದು ಕುರ್ಚಿಗೆ ಒರಗುತ್ತಾರೆ.

ಇನ್ನು ಬಂದರಿನ ದಿನ. ಕ್ರೂಸ್ ಹಡಗುಗಳು ಆಗಾಗ ಮಂಗಳೂರಿನ ಪಣಂಬೂರಿಗೂ ಬರುತ್ತವೆ. ದಡದಲ್ಲಿ ಚೆಂಡೆಯ ಸದ್ದು, ಯಕ್ಷಗಾನದ ಕಿರೀಟ, ಸೆಲ್ಫಿ. ಬಸ್ಸುಗಳು ಮೂಡುಬಿದಿರೆಯ ಸಾವಿರ ಕಂಬದ ಬಸದಿಗೆ, ಕುದ್ರೋಳಿಗೆ, ಅಲೋಶಿಯಸ್ ಚಾಪೆಲ್ಲಿಗೆ, ಗೇರುಬೀಜದ ಕಾರ್ಖಾನೆಗೆ ಹೊರಡುತ್ತವೆ. ಹಳೇ ಗಿರಾಕಿ ಡೆಕ್ಕಿನ ಕಟಕಟೆಗೆ ಒರಗಿ ಬಸ್ಸುಗಳು ಹೋಗುವುದನ್ನೇ ಕಾಯುತ್ತಾಳೆ. ಕೊನೆಯ ಬಸ್ಸು ಮರೆಯಾಯಿತೋ, ಈಜುಕೊಳ ಅವಳದು, ಗ್ರಂಥಾಲಯ ಅವಳದು, ಮಸಾಜಿಗೆ ಆ ದಿನ ರಿಯಾಯಿತಿ. ಮಂಗಳೂರಿನ ಬಗ್ಗೆ ಅವಳಿಗೆ ಬಹಳ ಒಳ್ಳೆಯ ಅಭಿಪ್ರಾಯವಿದೆ. ಇಡೀ ಹಡಗನ್ನು ಎಂಟು ತಾಸು ಖಾಲಿ ಮಾಡಿಕೊಟ್ಟ ಊರು ಅದು.

ಅದೇ ಹಡಗಿನಲ್ಲಿ ಮಂಗಳೂರಿನವನೋ ಉಡುಪಿಯವನೋ ಇರುವುದೂ ಉಂಟು. ಕರಾವಳಿಯಲ್ಲಿ, ಗೋವಾದಲ್ಲಿ, ಕೇರಳದಲ್ಲಿ ‘ಹುಡುಗ ಶಿಪ್ಪಿನಲ್ಲಿದ್ದಾನೆ’ ಅಂದರೆ ಮದುವೆ ಮಾತುಕತೆಗೆ ಅರ್ಧ ಕೆಲಸ ಆದಂತೆ. ಆರರಿಂದ ಒಂಬತ್ತು ತಿಂಗಳ ಕಾಂಟ್ರ್ಯಾಕ್ಟು, ವಾರದ ಏಳೂ ದಿನ ದುಡಿಮೆ. ಎರಡನೆಯ ದಿಂಬು ನೆನಪಿಟ್ಟುಕೊಳ್ಳುವುದು ಇವನ ಕೆಲಸ. ಮೇಲಿನವನು ನಾಲ್ಕು ತಾಸು ಬಿಟ್ಟರೆ ಸಾಕು, ಪಣಂಬೂರಿನಿಂದ ರಿಕ್ಷಾ ಹಿಡಿದು ಮನೆಗೆ ಓಡಿ, ಅಮ್ಮ ಮಾಡಿದ ಮೀನು ಸಾರು ಉಂಡು ಓಡಿಬರುತ್ತಾನೆ. ಇವನಿಗೆ ಹಡಗು ಇಳಿದರೆ ಮನೆ, ಅವಳಿಗೆ ಹತ್ತಿದರೆ ಮನೆ. ಇವನು ಕಾಂಟ್ರ್ಯಾಕ್ಟು ಮುಗಿಸಿ ಬೇರೆ ಹಡಗಿಗೆ ಹೋದನೆಂದು ತಿಳಿದರೆ ಕೆಲವರು ಆ ಹಡಗನ್ನೇ ಹುಡುಕಿ ಟಿಕೆಟ್ ಮಾಡಿಸುತ್ತಾರೆ. ಹಡಗಿನ ಮೋಹ ಎಂದುಕೊಂಡದ್ದರಲ್ಲಿ ಕಬ್ಬಿಣದ ಪಾಲು ಎಷ್ಟು, ಈ ಹುಡುಗರ ಪಾಲು ಎಷ್ಟು ಎಂದು ಕಂಪನಿಗಳು ಸಂಬಳದ ದಿನ ಮಾತ್ರ ಲೆಕ್ಕ ಹಾಕುವುದಿಲ್ಲ.

ಲೆಕ್ಕ ಹಾಕಿದ ವೈದ್ಯರೂ ಇದ್ದಾರೆ. ಷಿಕಾಗೋದ ವೃದ್ಧಾಪ್ಯತಜ್ಞೆ ಲೀ ಲಿಂಡ್‌ಕ್ವಿಸ್ಟ್ ಮತ್ತು ರಾಬರ್ಟ್ ಗೋಲಬ್ 2004ರಲ್ಲಿ ಅಮೆರಿಕದ ಜೆರಿಯಾಟ್ರಿಕ್ಸ್ ಸಂಘದ ಪತ್ರಿಕೆಯಲ್ಲಿ ಗಂಭೀರವಾಗಿಯೇ ಬರೆದರು. ಎಂಬತ್ತು ದಾಟಿದವರು ಇಪ್ಪತ್ತು ವರ್ಷ ಆರೈಕೆಯ ವಸತಿಯಲ್ಲಿದ್ದರೆ ಸುಮಾರು 2,28,000 ಡಾಲರ್, ಕ್ರೂಸ್ ಹಡಗಿನಲ್ಲಿದ್ದರೆ ಸುಮಾರು 2,30,000. ಇಷ್ಟೇ ವ್ಯತ್ಯಾಸಕ್ಕೆ ಹಡಗಿನಲ್ಲಿ ವೈದ್ಯರು, ಊಟ, ಸಂಗೀತ, ಪ್ರತಿ ಸಂಜೆ ಸೂರ್ಯಾಸ್ತ. ಮಾರಿಯೋ ಸಾಲ್ಸೆಡೊ ಎಂಬ ಕ್ಯೂಬಾ ಮೂಲದ ಅಮೆರಿಕನ್ನನಂತೂ ಎಂಬತ್ತರವರೆಗೆ ಕಾಯಲೂ ಇಲ್ಲ. 1990ರ ದಶಕದ ಕೊನೆಗೆ ಕಂಪನಿ ಕೆಲಸ ಬಿಟ್ಟು ರಾಯಲ್ ಕೆರಿಬಿಯನ್ ಹಡಗುಗಳಲ್ಲಿ ನೆಲೆಸಿದ. ಡೆಕ್ಕಿನ ಮೂಲೆಯಲ್ಲಿ ಅವನದೇ ಹೆಸರಿನ ‘ಆಫೀಸು’, ಲ್ಯಾಪ್‌ಟಾಪಿನಲ್ಲಿ ಗಿರಾಕಿಗಳ ಹೂಡಿಕೆ ವ್ಯವಹಾರ. ನೆಲದ ಮೇಲೆ ನಡೆದರೆ ತೂರಾಡುವಂತಾಗುತ್ತದೆ ಎಂದು ಅವನೇ ಹೇಳಿಕೊಂಡಿದ್ದಾನೆ. ಸಮುದ್ರದಲ್ಲಿ ಮಾತ್ರ ನೆಟ್ಟಗೆ ನಡೆಯುತ್ತಾನೆ.

ತೊಂದರೆ ಇರುವುದು ಒಂದೇ. ಹಡಗು ಇವರದಲ್ಲ, ಕಂಪನಿಯದು, ಮತ್ತು ಕಂಪನಿ ಅದನ್ನು ಮಾರುತ್ತದೆ. 2008ರಲ್ಲಿ ಕ್ಯೂಇ2 ದುಬೈಗೆ ಕೊನೆಯ ಯಾತ್ರೆ ಹೊರಡುವುದೆಂದಾಗ ಟಿಕೆಟ್‌ಗಳು 36 ನಿಮಿಷದಲ್ಲಿ ಖಾಲಿಯಾದವು. ಈಗ ಅದು ಅಲ್ಲೇ ರಷೀದ್ ಬಂದರಿನಲ್ಲಿ ಕಟ್ಟಿಹಾಕಿದ ಹೋಟೆಲು. ಪ್ರಿನ್ಸೆಂಡಾಮ್ 2019ರಲ್ಲಿ ಜರ್ಮನಿಯ ಕಂಪನಿಗೆ ಹೋಗಿ ‘ಅಮೆರಾ’ ಆಯಿತು. ಮಮ್ಮಾ ಲೀ ಆರಿಸಿಕೊಂಡ ಕ್ರಿಸ್ಟಲ್ ಕಂಪನಿ 2022ರಲ್ಲಿ ಮುಳುಗಿತು. ಹಡಗು ತೇಲುತ್ತಲೇ ಇತ್ತು, ಹೊಸ ಒಡೆಯರ ಕೈಸೇರಿ ಮರುವರ್ಷ ಮತ್ತೆ ಹೊರಟಿತು. 1965ರಲ್ಲಿ ಸೋವಿಯತ್ ಒಕ್ಕೂಟಕ್ಕಾಗಿ ಕಟ್ಟಿದ, ಬ್ರಿಟಿಷ್ ಅಜ್ಜ ಅಜ್ಜಿಯರು ಕೊನೆಯವರೆಗೂ ಬಿಡದ ‘ಮಾರ್ಕೊ ಪೋಲೊ’ಗೆ ಆ ಭಾಗ್ಯ ಇರಲಿಲ್ಲ. ಕೋವಿಡ್ ಕಾಲದಲ್ಲಿ ಕಂಪನಿ ಮುಚ್ಚಿ, 2021ರ ಜನವರಿಯಲ್ಲಿ ಗುಜರಾತಿನ ಅಲಂಗ್ ದಡಕ್ಕೆ ಬಂದು ಗುಜರಿಯಾಯಿತು.

ಅದೇ ಸುಮಾರಿಗೆ ರಾಯಲ್ ಕೆರಿಬಿಯನ್ ಮಾರಿದ ಇನ್ನೊಂದು ಹಳೇ ಹಡಗು ಮಾತ್ರ ಅಲಂಗಿಗೆ ಹೋಗದೆ ಮುಂಬೈಗೆ ಬಂತು. 1990ರಲ್ಲಿ ‘ನಾರ್ಡಿಕ್ ಎಂಪ್ರೆಸ್’ ಆಗಿ ಹುಟ್ಟಿ, ‘ಎಂಪ್ರೆಸ್ ಆಫ್ ದಿ ಸೀಸ್’ ಆಗಿ, ಒಮ್ಮೆ ಸ್ಪೇನ್ ಕಂಪನಿಗೆ ಹೋಗಿ ತಿರುಗಿ ಬಂದು, ಅಮೆರಿಕನ್ನರನ್ನು ಕ್ಯೂಬಾಕ್ಕೂ ಕರೆದೊಯ್ದ ಪುಟ್ಟ ಹಡಗು. 2021ರ ಸೆಪ್ಟೆಂಬರಿನಿಂದ ಅದು ಕಾರ್ಡೇಲಿಯಾ ಕಂಪನಿಯ ಹೆಸರಿನಲ್ಲಿ ಮುಂಬೈ, ಗೋವಾ ಎಂದು ಓಡಾಡುತ್ತಿದೆ. ಅದರ ಹಳೇ ಅಮೆರಿಕನ್ ಗಿರಾಕಿಯೊಬ್ಬ ಇವತ್ತು ಬಂದು ಹತ್ತಿದರೆ ಯಾರ ಹತ್ತಿರವೂ ದಾರಿ ಕೇಳಬೇಕಿಲ್ಲ, ನೇರವಾಗಿ ಊಟದ ಮನೆಗೆ ಹೋಗಿ ಕೂರಬಹುದು. ಅಲ್ಲಿ ಬಡಿಸುವವನು ಕೇಳುವ ಪ್ರಶ್ನೆಗೆ ಉತ್ತರ ಹೇಳಲು ಮಾತ್ರ ಪಕ್ಕದ ಮೇಜಿನ ಗುಜರಾತಿ ಕುಟುಂಬದ ಸಹಾಯ ಬೇಕಾದೀತು: ರೆಗ್ಯುಲರ್ರೋ, ಜೈನೋ?