ಪಿಪಿಎಂ ರಾಯರು

ಉಡುಪಿ ಸೀಮೆಯಲ್ಲಿ ಬ್ಯಾಂಕಿನಿಂದ ನಿವೃತ್ತರಾದವರಿಗೆ ಮುಂದಿನ ದಾರಿ ಮೊದಲೇ ಗೊತ್ತಿರುತ್ತಿತ್ತು. ದೇವಸ್ಥಾನದ ಜೀರ್ಣೋದ್ಧಾರ ಸಮಿತಿಗೆ ಕೋಶಾಧಿಕಾರಿಯಾಗುವುದು, ತಾಳಮದ್ದಳೆಯಲ್ಲಿ ಅರ್ಥ ಹೇಳುವುದು, ಎರಡೂ ಆಗದಿದ್ದರೆ ಅಂಗಳದಲ್ಲಿ ಶಂಕರಪುರ ಮಲ್ಲಿಗೆ ನೆಟ್ಟು ಅಟ್ಟೆಗೆ ಇವತ್ತು ಎಷ್ಟು ರೇಟು ಎಂದು ವಿಚಾರಿಸುತ್ತ ಕೂರುವುದು. ಈಚೆಗೆ ನಾಲ್ಕನೆಯ ದಾರಿಯೊಂದು ತೆರೆದಿದೆ. ಕಾಫಿಗೆ ನೀರು ಮಾಡುವುದು. ಕಾಫಿಯನ್ನು ಯಾರಾದರೂ ಮಾಡಿಯಾರು. ಇವರು ಮಾಡುವುದು ನೀರನ್ನು.

ಇಂಥವರಿಗೆ ಪಿಪಿಎಂ ರಾಯರು ಎಂದು ಹೆಸರು ಬಿದ್ದಿದೆ. ಅದು ಒಬ್ಬರ ಹೆಸರಲ್ಲ, ಪದವಿ. ಮಣಿಪಾಲದ ಈಶ್ವರನಗರದ ಫ್ಲ್ಯಾಟಿನಲ್ಲಿ ಒಬ್ಬರಿದ್ದಾರೆ, ಕಾರ್ಕಳದ ಆನೆಕೆರೆಯ ಬದಿಯಲ್ಲಿ ಒಬ್ಬರು, ನನ್ನ ನೆರೆಮನೆಯಲ್ಲೇ ಒಬ್ಬರು. ಗುರುತಿಸುವುದು ಸುಲಭ. ಅಂಗಿಯ ಕಿಸೆಯಲ್ಲಿ ಪೆನ್ನು ಇರಬೇಕಾದಲ್ಲಿ, ನೀರಿನಲ್ಲಿ ಕರಗಿದ ಲವಣ ಎಷ್ಟು ಪಿಪಿಎಂ, ಅಂದರೆ ಹತ್ತು ಲಕ್ಷಕ್ಕೆ ಎಷ್ಟು ಪಾಲು, ಎಂದು ತೋರಿಸುವ ಟಿಡಿಎಸ್ ಮೀಟರ್ ಇರುತ್ತದೆ. ನೀವು ಪ್ರೀತಿಯಿಂದ ಕೊಟ್ಟ ನೀರಿನ ಲೋಟಕ್ಕೆ ಮೊದಲು ಅದನ್ನು ಅದ್ದುತ್ತಾರೆ, ಅಂಕಿ ನೋಡುತ್ತಾರೆ, ಆಮೇಲೆ ನಿಮ್ಮನ್ನು ನೋಡುತ್ತಾರೆ.

ಈ ಚಟ ಬ್ಯಾಂಕಿನವರಿಗೇ ಯಾಕೆ ಹೆಚ್ಚು ಎಂಬುದಕ್ಕೆ ನನ್ನಲ್ಲೊಂದು ಸಿದ್ಧಾಂತವುಂಟು. 1906ರಲ್ಲಿ ಕಾರ್ಪೊರೇಶನ್ ಬ್ಯಾಂಕು, 1925ರಲ್ಲಿ ಸಿಂಡಿಕೇಟ್ ಬ್ಯಾಂಕು ಹುಟ್ಟಿದ ಊರಿದು. 2020ರ ಏಪ್ರಿಲ್ 1ರಂದು ಎರಡೂ ಒಂದೇ ದಿನ ಬೇರೆ ಬ್ಯಾಂಕುಗಳೊಳಗೆ ವಿಲೀನವಾದವು. ಬೋರ್ಡು ಇಳಿಯಿತು, ತಾಳೆ ನೋಡುವ ಅಭ್ಯಾಸ ಇಳಿಯಲಿಲ್ಲ. ಸಂಜೆ ಕ್ಯಾಶ್ ಟ್ಯಾಲಿ ಆಗದೆ ಮನೆಗೆ ಹೋಗದ ಜೀವ, ನಿವೃತ್ತಿಯ ಮೇಲೆ ಯಾವುದನ್ನು ಟ್ಯಾಲಿ ಮಾಡಬೇಕು? ಹೆಂಡತಿಯ ದಿನಸಿ ಲೆಕ್ಕಕ್ಕೆ ಕೈ ಹಾಕಿದರೆ ಅಪಾಯ. ಉಳಿದದ್ದು ನೀರು. 1928ರಲ್ಲಿ ದಿನಕ್ಕೆ ಎರಡಾಣೆಯ ಪಿಗ್ಮಿ ಠೇವಣಿ ಸಂಗ್ರಹಿಸಲು ಹೊರಟ ಪರಂಪರೆಯವರಿಗೆ ಮಿಲಿಗ್ರಾಂ ಎಂಬುದು ಸಣ್ಣ ಮೊತ್ತ ಅನ್ನಿಸುವುದೂ ಇಲ್ಲ.

ನೆರೆಮನೆಯ ರಾಯರಿಗೆ ದೀಕ್ಷೆ ಕೊಟ್ಟದ್ದು ಮೆಲ್ಬರ್ನಿನಲ್ಲಿರುವ ಮಗ. ರಜೆಗೆ ಬಂದಾಗ ಕೊಕ್ಕರೆ ಕೊರಳಿನ ಕೆಟಲ್ಲು, ಕಾಗದದ ಫಿಲ್ಟರು, ನೂರನೇ ಒಂದು ಗ್ರಾಮ್ ತೂಗುವ ತಕ್ಕಡಿ ತಂದಿಟ್ಟು, "ಪಪ್ಪಾ, ಅಲ್ಲಿ ಕಾಫಿ ಒಳ್ಳೆದಾಗುವುದು ನೀರಿನಿಂದ" ಎಂದು ಒಂದು ಮಾತು ಹೇಳಿ ವಿಮಾನ ಹತ್ತಿದ. ಅಪ್ಪ ಓದಲು ಕುಳಿತರು. ಇಂಗ್ಲೆಂಡಿನ ಬಾತ್ ವಿಶ್ವವಿದ್ಯಾಲಯದ ರಸಾಯನಶಾಸ್ತ್ರಜ್ಞ ಕ್ರಿಸ್ಟೋಫರ್ ಹೆಂಡನ್, ಅದೇ ಊರಲ್ಲಿ ಕಾಫಿ ಅಂಗಡಿ ನಡೆಸುತ್ತಿದ್ದ ಕೊಲೊನ್ನ-ಡ್ಯಾಶ್‌ವುಡ್ ದಂಪತಿಯೊಂದಿಗೆ ಸೇರಿ 2014ರಲ್ಲಿ ಒಂದು ಪ್ರಬಂಧ ಪ್ರಕಟಿಸಿದ್ದರು. ಕಾಫಿಯ ರುಚಿಯ ಅಣುಗಳಿಗೆ ನೀರಿನಲ್ಲಿರುವ ಮೆಗ್ನೀಸಿಯಂ, ಕ್ಯಾಲ್ಸಿಯಂ, ಸೋಡಿಯಂ ಎಷ್ಟು ಗಟ್ಟಿಯಾಗಿ ಅಂಟುತ್ತವೆ ಎಂಬುದನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿದ ಪ್ರಬಂಧವದು. ಮೆಗ್ನೀಸಿಯಂ ಮುಂದಿತ್ತು. ಲೆಕ್ಕ ಎಂದದ್ದೇ ತಡ, ರಾಯರು ಮರುಳಾದರು.

ಅವರ ಪಾಕ ಹೀಗೆ. ಒಂದು ಲೀಟರ್ ಬಟ್ಟಿ ಇಳಿಸಿದ ನೀರಿಗೆ 2.45 ಗ್ರಾಂ ಎಪ್ಸಮ್ ಉಪ್ಪು, ಅಂದರೆ ಮೆಗ್ನೀಸಿಯಂ ಸಲ್ಫೇಟ್. ಇದು 'ಎ' ಬಾಟಲಿ. ಇನ್ನೊಂದು ಲೀಟರಿಗೆ 1.68 ಗ್ರಾಂ ಅಡುಗೆ ಸೋಡಾ. ಇದು 'ಬಿ' ಬಾಟಲಿ. 'ಎ'ಯಿಂದ 80 ಮಿ.ಲೀ., 'ಬಿ'ಯಿಂದ 40 ಮಿ.ಲೀ., ಬರೇ ಬಟ್ಟಿ ನೀರು 880 ಮಿ.ಲೀ. ಕೂಡಿಸಿದರೆ ಒಂದು ಲೀಟರ್ ಕಾಫಿ ನೀರು. ಗಡಸುತನ 80 ಪಿಪಿಎಂ, ಕ್ಷಾರತೆ 40. ಮೆಗ್ನೀಸಿಯಂ ಹುಡಿಯಿಂದ ರುಚಿಯನ್ನು ಎಳೆದು ತರುತ್ತದಂತೆ, ಸೋಡಾ ಹುಳಿಯನ್ನು ಅಂಕೆಯಲ್ಲಿಡುತ್ತದಂತೆ. ಸೋಡಾ ಹೆಚ್ಚಾದರೆ ಕಾಫಿ ಸಪ್ಪೆ, ಕಡಿಮೆಯಾದರೆ ಹಲ್ಲು ಜುಮ್ಮೆನ್ನುವ ಹುಳಿ. ಇದರಲ್ಲಿ ಸುಳ್ಳೇನಿಲ್ಲ. ಜಗತ್ತಿನ ಕಾಫಿ ಪರಿಣತರ ಸಂಘದವರೂ ಕ್ಷಾರತೆ 40ರ ಆಸುಪಾಸು ಇರಲಿ ಎಂದೇ ಹೇಳುವುದು. ರಾಯರ ವಿಶೇಷ ಏನೆಂದರೆ ಇದಕ್ಕೊಂದು ಉದ್ದ ಲೆಡ್ಜರ್ ಇಟ್ಟಿದ್ದಾರೆ. ಎಡಕ್ಕೆ ಜಮೆ, ಬಲಕ್ಕೆ ಖರ್ಚು, ಸಂಜೆಗೆ ಮೆಗ್ನೀಸಿಯಂ ಬಾಕಿ.

ಉಪ್ಪು ಮೊದಲ ಸಲ ತರಲು ಹೋದಾಗ ನಾನೂ ಜೊತೆಗಿದ್ದೆ. ಮೆಡಿಕಲ್ಲಿನ ಹುಡುಗ ಡಬ್ಬಿ ತೆಗೆದುಕೊಡುತ್ತ ಕೇಳಿದ, "ಕಾಲು ನೋವಾ ರಾಯರೆ? ಬಿಸಿನೀರಿಗೆ ಹಾಕಿ ಕಾಲಿಟ್ಟುಕೊಳ್ಳಿ."

"ಕಾಲಿಗಲ್ಲ ಮಾರಾಯ. ಕುಡಿಯಲಿಕ್ಕೆ."

ಹುಡುಗ ಅತ್ತಿತ್ತ ನೋಡಿ ದನಿ ತಗ್ಗಿಸಿದ. "ಎಷ್ಟು ದಿನ ಆಯ್ತು ಹೋಗದೆ?"

ಎಪ್ಸಮ್ ಉಪ್ಪು ಹಳೆಯ ಕಾಲದ ಭೇದಿ ಮದ್ದು ಎಂಬುದನ್ನು ರಾಯರ ಪುಸ್ತಕಗಳು ಒತ್ತಿ ಹೇಳಿರಲಿಲ್ಲ. ಭೇದಿಗೆ ಬೇಕಾಗುವುದು ಗ್ರಾಮ್‌ಗಟ್ಟಲೆ, ಕಾಫಿಯ ಒಂದು ಲೀಟರಿಗೆ ಬೀಳುವುದು ಗ್ರಾಮಿನ ಐದನೇ ಒಂದು ಪಾಲು ಎಂದು ಅವರು ಆ ಹುಡುಗನಿಗೆ ರಶೀದಿಯ ಹಿಂಬದಿಯಲ್ಲಿ ಬರೆದು ತೋರಿಸಿದರು. ಅವನು ತಲೆಯಾಡಿಸಿ, ಇಸಬ್ಗೋಲ್ ಕೂಡ ಉಂಟು ಎಂದ.

ಕಾರ್ಕಳದಲ್ಲಿರುವ ರಾಯರ ಭಾವ ಇನ್ನೂ ಮುಂದೆ ಹೋದರು. ಅವರದ್ದು ತೆಂಗಿನ ತೋಟ. ಗರಿ ಹಳದಿಯಾದರೆ ಮರವೊಂದಕ್ಕೆ ವರ್ಷಕ್ಕೆ ಅರ್ಧ ಕಿಲೋ ಮೆಗ್ನೀಸಿಯಂ ಸಲ್ಫೇಟ್ ಬುಡಕ್ಕೆ ಹಾಕುವವರು. "ಇದೇ ಹುಡಿಯಾ?" ಎಂದು ಕೇಳಿ, ರಾಯರ ಬೋಳುತಲೆಯನ್ನು ಒಮ್ಮೆ ನೋಡಿ, "ಪರಿಣಾಮ ಕಾಣಲಿಕ್ಕೆ ಸ್ವಲ್ಪ ಸಮಯ ಬೇಕಾಗ್ತದೆ ಭಾವ" ಎಂದರು. ಗೊಬ್ಬರದಂಗಡಿಯದ್ದು ಬೇರೆ ದರ್ಜೆ, ತಿನ್ನುವುದಕ್ಕಲ್ಲ ಎಂದು ರಾಯರು ಇಡೀ ಮಧ್ಯಾಹ್ನ ವಿವರಿಸಿದರು.

ಬಟ್ಟಿ ನೀರಿನದ್ದೇ ಬೇರೊಂದು ಕಥೆ. ಬ್ಯಾಟರಿ ಅಂಗಡಿಯಲ್ಲಿ ಕ್ಯಾನಿನಲ್ಲಿ ಸಿಗುವ ನೀರು ಇನ್‌ವರ್ಟರಿಗೆ, ಹೊಟ್ಟೆಗಲ್ಲ. ಅಷ್ಟು ವಿವೇಕ ರಾಯರಿಗಿದೆ. ಹಾಗಾಗಿ ಸ್ಟೀಲಿನ ಬಟ್ಟಿ ಯಂತ್ರವೊಂದು ಅಡುಗೆಮನೆಯ ಮೂಲೆಗೆ ಬಂತು. ನಾಲ್ಕು ಲೀಟರ್ ಇಳಿಸಲು ಸುಮಾರು 3 ಯುನಿಟ್ ಕರೆಂಟು. ಅದರೊಳಗೆ ಹಾಕುವುದು ಮನೆ ಬಾವಿಯ ನೀರನ್ನು. ಬಾವಿ ಮುರಕಲ್ಲಿನದ್ದು. ಈ ಕರಾವಳಿಯ ಮುರಕಲ್ಲಿನ ಬಾವಿಗಳ ನೀರು ಮೆದುವೆಂದು ಯಾವ ಮೀಟರೂ ಇಲ್ಲದೆ ಎಲ್ಲರಿಗೂ ಗೊತ್ತು. ಸಾಬೂನು ತಾಗಿಸಿದರೆ ಸಾಕು, ನೊರೆ ಹೋಗುವುದೇ ಇಲ್ಲ. ರಾಯರ ಮೀಟರಿನಲ್ಲೂ ಆ ಬಾವಿ ಎರಡಂಕಿ ದಾಟಿದ್ದಿಲ್ಲ. ಇನ್ನು ತಮಾಷೆಯೆಂದರೆ, ಮೆಲ್ಬರ್ನಿನ ನಲ್ಲಿ ನೀರು ಕಾಫಿಯವರ ನಡುವೆ ಹೆಸರುವಾಸಿಯಾದದ್ದು ಹೀಗೇ ಮೆದುವಾಗಿರುವುದಕ್ಕೆ. ಅಂದರೆ ಮಗ ಯಾವುದನ್ನು ಹೊಗಳಿ ಹೋದನೋ ಅದು ಹೆಚ್ಚುಕಡಿಮೆ ಬಾವಿಕಟ್ಟೆಯಲ್ಲೇ ಇತ್ತು.

ಇದ್ದದ್ದನ್ನೆಲ್ಲ ಕುದಿಸಿ ತೆಗೆದು, ಮತ್ತೆ ಅದನ್ನೇ ಅಂಗಡಿಯಿಂದ ತಂದು ಹಾಕುವುದು ಯಾಕೆ, ಬಾವಿ ನೀರಿಗೇ ಚೂರು ಸೇರಿಸಿದರಾಗದೇ ಎಂದು ಕೇಳಿದೆ. ರಾಯರು ಕನ್ನಡಕ ತೆಗೆದರು. "ಬಾವಿಗೆ ಆಡಿಟ್ ಉಂಟಾ? ನಿನ್ನೆ ಮಳೆ ಬಂತು, ಇವತ್ತು ಬ್ಯಾಲೆನ್ಸ್ ಬೇರೆ. ಓಪನಿಂಗ್ ಬ್ಯಾಲೆನ್ಸ್ ಸೊನ್ನೆ ಇದ್ದರೆ ಮಾತ್ರ ಲೆಕ್ಕ ಸರಿ ಬರ್ತದೆ."

ಮಳೆ ಎಂದಾಗ ನೆನಪಾಯಿತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಕಾಶವೇ ಬಟ್ಟಿ ಇಳಿಸಿ ಮಾಡಿನ ಮೇಲೆ ಸುರಿಯುವ ಜಿಲ್ಲೆಯಲ್ಲಿ ಕುಳಿತು ಇವರು ಕರೆಂಟು ಬಿಲ್ ಕಟ್ಟುತ್ತಾರೆ.

ಅಡುಗೆಮನೆಯಲ್ಲಿ ಈಗ ಎ, ಬಿ ಬಾಟಲಿಗಳ ಮೇಲೆ ಚೀಟಿ: 'ಮುಟ್ಟಬಾರದು'. ಒಗ್ಗರಣೆ ಕೈಯಲ್ಲಿ ಆ ಕಪಾಟಿನ ಹತ್ತಿರ ಸುಳಿಯುವಂತಿಲ್ಲ. ಅಳತೆ ಲೋಟವನ್ನು ಬಟ್ಟಿ ನೀರಲ್ಲೇ ತೊಳೆಯಬೇಕು, ಬಟ್ಟೆಯಿಂದ ಒರೆಸಬಾರದು. ರಾಯರ ತಾಯಿ ಇದ್ದಾಗ ಬೆಳಿಗ್ಗೆ ಒದ್ದೆ ಸೀರೆಯಲ್ಲಿ ತಾನೇ ಸೇದಿದ ಕೊಡಪಾನವನ್ನು ಬೇರೆಯವರು ಸೋಕಿದರೆ ಚೆಲ್ಲಿ ಮತ್ತೆ ಸೇದುತ್ತಿದ್ದರಂತೆ. ಆ ಮಡಿಯನ್ನು ಮೂಢನಂಬಿಕೆ ಎಂದು ಕಾಲೇಜು ದಿನಗಳಲ್ಲಿ ಭಾಷಣ ಮಾಡಿದವರು ಇದೇ ರಾಯರು. ಅತ್ತೆಯ ಕೊಡಪಾನ, ಗಂಡನ ಬಾಟಲಿ ಎರಡನ್ನೂ ಕಂಡ ಅವರ ಹೆಂಡತಿಯ ತೀರ್ಪು: "ಅತ್ತೆಯದ್ದೇ ವಾಸಿ. ಅವರು ನನ್ನ ಸೋಡಾ ಡಬ್ಬಿಗೆ ಕೈ ಹಾಕ್ತಿರಲಿಲ್ಲ." ಒಂದು ಸಂಜೆ ನೆಂಟರು ಬಂದಾಗ ಗೋಳಿಬಜೆ ಮೈದಾ ಉಂಡೆಯಾಗಿಯೇ ಎಣ್ಣೆಯಿಂದ ಎದ್ದು ಬಂದದ್ದಕ್ಕೆ ಕಾರಣ, ಡಬ್ಬಿಯ ಸೋಡಾ ಪೂರ್ತಿ 'ಬಿ' ಬಾಟಲಿಗಳ ಮುಂಗಡ ಠೇವಣಿಯಾಗಿ ವರ್ಗವಾಗಿದ್ದದ್ದು.

ಇಷ್ಟೆಲ್ಲ ಆಗಿ ಕಾಫಿ ಹೇಗಿರುತ್ತದೆ? ಬೆಳಿಗ್ಗೆ ಆರಕ್ಕೆ ರಾಯರು ಒಬ್ಬರೇ ಹಾಲು ಹಾಕದ, ಸಕ್ಕರೆ ಹಾಕದ ಒಂದು ಲೋಟ ಕುಡಿಯುತ್ತಾರೆ. ಚಿಕ್ಕಮಗಳೂರು ಕಡೆಯ ತೋಟದ, ಹದವಾಗಿ ಹುರಿದ ಅರೇಬಿಕಾ. ನನಗೂ ಕೊಟ್ಟಿದ್ದಾರೆ. ಚೆನ್ನಾಗಿಯೇ ಇರುತ್ತದೆ, ಕಿತ್ತಳೆ ಸಿಪ್ಪೆಯ ಪರಿಮಳ ಎಂದು ಅವರು ಹೇಳಿದ ಮೇಲೆ ಅದೂ ಬರುತ್ತದೆ. ಆದರೆ ಎಂಟು ಗಂಟೆಗೆ ಮನೆಮಂದಿಗೆಲ್ಲ ಕಾಫಿಯೆಂದರೆ ಹಿತ್ತಾಳೆ ಫಿಲ್ಟರಿನ ಡಿಕಾಕ್ಷನ್. ಹುಡಿಯಲ್ಲಿ ಶೇ. 30 ಚಿಕೋರಿ. ಅದಕ್ಕೂ ತನ್ನ ನೀರೇ ಆಗಬೇಕೆಂದು ರಾಯರ ಹಟ. ಲೆಕ್ಕದವರ ಮುಂದೆ ಲೆಕ್ಕವನ್ನೇ ಇಡೋಣ: ಅವರ ಒಂದು ಲೀಟರ್ ನೀರಿನಲ್ಲಿ ಶುದ್ಧ ಮೆಗ್ನೀಸಿಯಂ ಇರುವುದು ಹತ್ತೊಂಬತ್ತು ಮಿಲಿಗ್ರಾಂ ಚಿಲ್ಲರೆ. ಒಂದು ಲೋಟಕ್ಕೆ ಬೀಳುವ ಡಿಕಾಕ್ಷನ್ನಿಗೆ ಅದರಿಂದ ಬರುವುದು ಒಂದು ಮಿಲಿಗ್ರಾಮಿನಷ್ಟು. ಅದರ ಮೇಲೆ ಹೆಂಡತಿ ಸುರಿಯುವ 100 ಮಿ.ಲೀ. ಹಾಲಿನಲ್ಲಿ ಕ್ಯಾಲ್ಸಿಯಂ ಒಂದೇ ಸುಮಾರು 120 ಮಿಲಿಗ್ರಾಂ. ಹುಳಿಯನ್ನು ತಣಿಸುವುದರಲ್ಲೂ ಹಾಲು 'ಬಿ' ಬಾಟಲಿಗಿಂತ ಗಟ್ಟಿ ಕುಳ. ಮೇಲಿಂದ ಎರಡು ಚಮಚ ಸಕ್ಕರೆ. ಹಾಲಿನ ವಿಷಯ ಎತ್ತಿದಾಗ ರಾಯರು ಲೆಡ್ಜರ್ ಮುಚ್ಚಿ, "ಅದು ಆಫ್ ಬ್ಯಾಲೆನ್ಸ್ ಶೀಟ್" ಎಂದರು.

ಹಾಗೆಂದು ಇವರನ್ನು ಹುಚ್ಚರ ಪಟ್ಟಿಗೆ ಸೇರಿಸುವುದು ಕಷ್ಟ. ಕಾರ್ಕಳದಲ್ಲಿ ಭಾವನ ಮೊಮ್ಮಗನ ಉಪನಯನ. ಬೆಳಿಗ್ಗಿನ ಕಾಫಿ ಒಂದು ಗುಟುಕು ಕುಡಿದು ರಾಯರು ಲೋಟ ಕೆಳಗಿಟ್ಟರು. "ಇದು ಬಾವಿ ನೀರಲ್ಲ. ಬೋರ್‌ವೆಲ್. ಬೈಕಾರ್ಬೊನೇಟ್ ಜಾಸ್ತಿ." ಸುತ್ತಲಿನವರು ಮುಸಿಮುಸಿ ನಕ್ಕರು. ರಾಯರು ಎದ್ದು ಚಪ್ಪರದ ಹಿಂದಿನ ಒಲೆಗಳ ಕಡೆ ನಡೆದರು, ಹಿಂದೆ ನಾವೂ ಹೋದೆವು, ಜಗಳ ಎಲ್ಲಿಯಾದರೂ ತಪ್ಪೀತೆಂದು.

ಅಡುಗೆ ಭಟ್ರು ಸಾಂಬಾರಿನ ಕೊಪ್ಪರಿಗೆಯ ಎದುರು ನಿಂತಿದ್ದರು. ತಿರುಗದೆಯೇ ಹೇಳಿದರು, "ಹೌದು ಮಾರಾಯ್ರೆ. ಬಾವಿ ಪಂಪು ಕೆಟ್ಟಿದೆ, ನಿನ್ನೆ ರಾತ್ರಿಯಿಂದ ಬೋರಿನ ನೀರು. ನನಗೆ ನಾಲ್ಕು ಗಂಟೆಗೇ ಗೊತ್ತಾಗಿದೆ. ತೊಗರಿಬೇಳೆ ಬೇಯ್ಲೇ ಇಲ್ಲ."

"ಮತ್ತೆ ಎಂತ ಮಾಡಿದಿರಿ?"

"ಬೇಳೆಗೆ ಚಿಟಿಕೆ ಸೋಡಾ. ಕಾಫಿಗೆ ಒಂದು ಹಿಡಿ ಹುಡಿ ಜಾಸ್ತಿ. ಇನ್ನೂ ಯಾರಾದ್ರೂ ಮಾತಾಡಿದ್ರೆ ಸಕ್ಕರೆ ಜಾಸ್ತಿ."

ರಾಯರು ಪೆನ್ನು ಮೀಟರ್ ತೆಗೆದು ಹಂಡೆಗೆ ಅದ್ದಿ ಅಂಕಿ ತೋರಿಸಿದರು. ಭಟ್ರು ಗೌರವದಿಂದಲೇ ನೋಡಿ, "ಇದಕ್ಕೆ ಸೆಲ್ ಹಾಕ್ಬೇಕಾ?" ಎಂದು ಕೇಳಿದರು. ಹೂಂ ಎಂದಾಗ, "ಹಾಗಾದ್ರೆ ಬೇಳೆಯೇ ಸುಲಭ" ಎಂದು ಸೌಟು ತಿರುಗಿಸಿದರು. ಆಮೇಲೆ ಇಬ್ಬರೂ ತೆಂಗಿನ ಸಿಪ್ಪೆಯ ರಾಶಿಯ ಪಕ್ಕ ಸ್ಟೂಲು ಹಾಕಿಕೊಂಡು ಕುಳಿತರು. ಯಾವ ಊರಿನ ಬಾವಿಯಲ್ಲಿ ಅನ್ನ ಅರಳುತ್ತದೆ, ಯಾವುದರಲ್ಲಿ ಚಾ ಕಪ್ಪಾಗುತ್ತದೆ, ಬಜೆಯ ಸ್ವರ್ಣಾ ನದಿಯ ನಲ್ಲಿ ನೀರಿಗೂ ಮಣ್ಣಪಳ್ಳದ ಬದಿಯ ಬಾವಿ ನೀರಿಗೂ ಸಾರು ಎಷ್ಟು ಬೇರೆ ಎಂದು ಭಟ್ರು ಹೇಳುತ್ತ ಹೋದರು, ರಾಯರು ಲಗ್ನಪತ್ರಿಕೆಯೊಂದರ ಬೆನ್ನ ಮೇಲೆ ಬರೆದುಕೊಳ್ಳುತ್ತ ಹೋದರು. ಬ್ರಹ್ಮೋಪದೇಶದ ಮುಹೂರ್ತಕ್ಕೆ ಅವರನ್ನು ಹುಡುಕಿ ತರಬೇಕಾಯಿತು.

ಅವತ್ತು ಸರಿ ಹೇಳಿದ್ದೇ ತಪ್ಪಾಯಿತು. ಮೊದಲು ಮನೆಯೊಳಗಿದ್ದ ಉಪದ್ರವ ಈಗ ತಾಲೂಕು ದಾಟಿದೆ. ಹೋಟೆಲಿನಲ್ಲಿ ಕಾಫಿ ಬಂದ ಕೂಡಲೇ ಮಾಣಿಯನ್ನು ನಿಲ್ಲಿಸಿ ಟ್ಯಾಂಕ್ ಯಾವುದು, ಫಿಲ್ಟರ್ ಯಾವ ಕಂಪನಿಯದ್ದು ಎಂದು ವಿಚಾರಣೆ. ಮಣಿಪಾಲದ ಹುಡುಗರು ನಡೆಸುವ ಕಾಫಿ ಅಂಗಡಿಗಳಲ್ಲಿ ಮಾತ್ರ ಇವರಿಗೆ ಕುರ್ಚಿ ಎಳೆದುಕೊಡುತ್ತಾರೆ. ಅಲ್ಲಿ ಆರ್‌ಒ ಯಂತ್ರದ ನೀರಿಗೆ ಖನಿಜ ಎಷ್ಟು ಮರಳಿಸಬೇಕು ಎಂಬ ಬಗ್ಗೆ ಇಪ್ಪತ್ತರ ಪ್ರಾಯದವರು ಅಂಕಲ್, ಅಂಕಲ್ ಎಂದು ಸುತ್ತ ಕೂರುತ್ತಾರೆ. ಬ್ಯಾಂಕಿನಲ್ಲಿ ಇಡೀ ಸರ್ವೀಸಿನಲ್ಲಿ ಯಾವ ಕ್ಲರ್ಕೂ ಇವರ ಮಾತನ್ನು ಅಷ್ಟು ಗಮನ ಕೊಟ್ಟು ಕೇಳಿರಲಿಲ್ಲ.

ನೆಂಟರು ತಮ್ಮ ತಮ್ಮ ಉಪಾಯ ಕಂಡುಕೊಂಡಿದ್ದಾರೆ. ಎಲ್ಲರಿಗಿಂತ ಚುರುಕು ಕಾಪುವಿನ ಅಕ್ಕ. 1901ರ ದೀಪಸ್ತಂಭ ಕಾಣುವಷ್ಟು ಹತ್ತಿರ ಅವರ ಮನೆ. ಏಪ್ರಿಲ್, ಮೇ ಬಂದರೆ ಕಡಲ ಬದಿಯ ಕೆಲವು ಬಾವಿಗಳಿಗೆ ಉಪ್ಪು ಏರುತ್ತದೆ. ಅಕ್ಕನದ್ದೂ ಅದೇ ಗೋಳು. ರಾಯರಿಗೆ ಅದು ತೀರ್ಥಯಾತ್ರೆ. ಮೇ ತಿಂಗಳ ಸೆಖೆಯಲ್ಲಿ ಬಾಟಲಿ, ತಕ್ಕಡಿ, ಮೀಟರ್ ಸಮೇತ ನಾವಿಬ್ಬರೂ ಹೋದೆವು. ಕಾಫಿ ತಂದರೆ ನೀರಿನ ಬಗ್ಗೆ ಪ್ರವಚನ ಖಂಡಿತ ಎಂದು ಗೊತ್ತಿದ್ದ ಅಕ್ಕ, ತೋಟದಿಂದ ಇಳಿಸಿದ ಎರಡು ಬೊಂಡ ಕೆತ್ತಿಸಿ ಮುಂದಿಟ್ಟರು. ಬೊಂಡಕ್ಕೆ ಯಾರಾದರೂ ಏನು ಹೇಳಿಯಾರು?

ರಾಯರು ತನ್ನ ಬೊಂಡದ ತೂತಿನೊಳಗೆ ಮೀಟರ್ ಇಳಿಸಿದರು. ಅಂಕಿ ಏರಿತು, ಏರಿತು, ಎರಡು ಸಾವಿರ ದಾಟಿ ನಿಂತಿತು. ಅವರ ಮುಖ ಗಂಭೀರವಾಯಿತು.

"ಅಕ್ಕ, ಕುಡಿಯುವ ನೀರಿಗೆ ಐಎಸ್ 10500 ಅಂತ ಒಂದು ಮಾನಕ ಉಂಟು. ಟಿಡಿಎಸ್ 500ರ ಒಳಗಿರಬೇಕು. ಬೇರೆ ಗತಿಯೇ ಇಲ್ಲದಿದ್ದರೆ 2000. ಇದು ಅದನ್ನೂ ಮೀರಿದೆ. ನಿಯಮದ ಪ್ರಕಾರ ಇದು ಕುಡಿಯಲು ಯೋಗ್ಯ ಅಲ್ಲ."

"ಹೌದಾ? ಹಾಗಾದ್ರೆ ಇತ್ತ ಕೊಡು" ಎಂದು ಅಕ್ಕ ಕೈ ಚಾಚಿದರು.

"ಇರ್ಲಿ, ಇರ್ಲಿ" ಎಂದು ರಾಯರು ಮೀಟರನ್ನು ಅಂಗಿಗೆ ಒರೆಸಿ ಕಿಸೆಗೆ ಹಾಕಿಕೊಂಡು, ಬೊಂಡವನ್ನು ಎರಡೂ ಕೈಯಲ್ಲಿ ಹಿಡಿದೆತ್ತಿದರು.